ಮಗುಚದ ಅಂಗೈ

ಬೆಂಚಿನ ಒಂದು ಕಾಲು ಗಿಡ್ಡ, ಒಳಗಿನಿಂದ ಕೂಗು ಬಂದಾಗಲೆಲ್ಲ ಪಕ್ಕದಲ್ಲಿ ಕೂತ ತಂಗಿಯ ಗಂಡ ಬೆಚ್ಚುತ್ತಾನೆ, ಅವನು ಬೆಚ್ಚಿದರೆ ಬೆಂಚು ಟಕ್ಕೆನ್ನುತ್ತದೆ, ಬೆಂಚು ಟಕ್ಕೆಂದರೆ ಅವಳ ಬಲ ಮೊಣಕೈಯೊಳಗೆ ಯಾರೋ ಸೂಜಿ ಆಡಿಸಿದಂತಾಗುತ್ತದೆ — ಸಿಸ್ಟರ್, ಈ ಬೆಂಚು ಅಲ್ಲಾಡುತ್ತೆ ನೋಡಿ, ಎಂದು ಎಷ್ಟು ಜನ ಹೇಳಿದ್ದರೋ, ಸರಿ ಮಾಡಿಸೋಣ ಎಂದು ನಡೆಯುತ್ತಲೇ ಉತ್ತರ ಕೊಟ್ಟು ಸೊಂಟದಿಂದ ಆ ಬಾಗಿಲು ತಳ್ಳಿ ಒಳಗೆ ಹೋಗಿಬಿಡುತ್ತಿದ್ದಳು, ಅರ್ಧ ಆಯಸ್ಸು ಆ ಬಾಗಿಲ ಒಳಗಡೆಯೇ ಹೆರಿಗೆ ಮಾಡಿಸುತ್ತ ಕಳೆದವಳಿಗೆ ಹೊರಗೊಂದು ಬೆಂಚಿದೆ ಎಂಬುದೇ ಸರಿಯಾಗಿ ತಲೆಗೆ ಹೋಗಿರಲಿಲ್ಲ, ಈಗ ಕೂತಿದ್ದಾಳಲ್ಲ, ಅನುಭವಿಸಲಿ. ಬಾಗಿಲಿನ ಮೇಲೆ ಹೆರಿಗೆ ಕೋಣೆ ಎಂಬ ಹಲಗೆ, ಅದರ ಕೆಳಗೆ ಸಂಬಂಧಿಕರು ಒಳಗೆ ಬರಬಾರದು ಎಂಬ ಸಾಲು, ಆ ಸಾಲು ಬರೆಸಿದವಳೂ ಇವಳೇ. ದೊಡ್ಡ ಸಿಸ್ಟರ್ ಬೆಳಿಗ್ಗೆ ಭುಜ ಮುಟ್ಟಿ ಹೇಳಿದರು, ಇವತ್ತು ನೀನು ನರ್ಸ್ ಅಲ್ಲಮ್ಮ, ಬರೀ ಅಕ್ಕ, ಹೊರಗಡೆ ಕೂತ್ಕೋ, ಕಡ್ಡಿ ಇದ್ದಾಳೆ, ನೀನೇ ತಯಾರು ಮಾಡಿದ ಹುಡುಗಿ, ಇನ್ನೇನು ಬೇಕು — ಕಡ್ಡಿ ಎಂದರೆ ಕೆಲಸಕ್ಕೆ ಸೇರಿದಾಗ ಫ್ಯಾನ್ ಹಾಕಿದರೆ ಹಾರಿಹೋಗುತ್ತಾಳೇನೋ ಎಂಬಂತಿದ್ದ ನರ್ಸು, ಈಗ ಮೈಕೈ ತುಂಬಿಕೊಂಡರೂ ಹೆಸರು ಹಾಗೇ ಅಂಟಿಕೊಂಡಿದೆ. ತಂಗಿ ಮಾತ್ರ ಸ್ಟ್ರೆಚರಿನ ಮೇಲಿಂದ ಕತ್ತೆತ್ತಿ, ಅಕ್ಕ, ಬೇಗ ಬಾ, ಎಂದಳು, ಇವಳು, ಬಟ್ಟೆ ಬದಲಾಯಿಸ್ಕೊಂಡು ಬಂದೆ ಕಣೆ, ನೀನು ನಡಿ, ಎಂದಳು. ಬಟ್ಟೆ ಬದಲಾಯಿಸಲು ಇಷ್ಟು ಹೊತ್ತೇ, ಮದುಮಗಳಿಗೂ ಇಷ್ಟು ಹೊತ್ತು ಬೇಡ, ಒಳಗೆ ಅವಳು ಒಂದು ನೋವಿಗೂ ಇನ್ನೊಂದು ನೋವಿಗೂ ನಡುವೆ ಬಾಗಿಲನ್ನೇ ನೋಡುತ್ತಿರುತ್ತಾಳೆ, ಇಲ್ಲಿ ಅಕ್ಕ ಮಡಿಲಲ್ಲಿ ಬಿದ್ದಿರುವ ತನ್ನ ಕೈಯನ್ನು ನೋಡುತ್ತಿದ್ದಾಳೆ, ಹೆಬ್ಬೆರಳು ಮೇಲಾಗಿ ಅಡ್ಡ ನಿಂತ ಕೈ, ಅಂಗೈ ಮೇಲೆ ಮಾಡೆಂದರೆ ಮಾಡದ ಕೈ.

ನೀವಿದ್ದೀರಲ್ಲ ಅಕ್ಕ, ಅದೇ ನಮಗೆ ಧೈರ್ಯ, ಎನ್ನುತ್ತಾನೆ ತಂಗಿಯ ಗಂಡ, ಪಾಪದವನು, ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಾನೆ, ಹಾಕುತ್ತಾನೆ, ಕುಡಿಯುವುದಿಲ್ಲ, ಇವರು ಇನ್ನೂ ಯಾಕೆ ಇಲ್ಲೇ ಕೂತಿದ್ದಾರೆ ಎಂದು ಕೇಳಲು ಅವನಿಗೆ ಬಾಯಿ ಬರುತ್ತಿಲ್ಲ, ಕೇಳದಿದ್ದರೆ ಸಾಕು. ಕೈಗುಣ ಎನ್ನುತ್ತಾಳೆ ತಂಗಿ, ನಮ್ಮಕ್ಕನ ಕೈಗುಣ ನಿಮಗೆ ಗೊತ್ತಿಲ್ಲ, ಅವಳು ಹಿಡಿದ ಮಗು ಅಳದೇ ಇರಲ್ಲ — ಎಂಥ ಕೈಗುಣ, ಇವಳ ಕೈಗೆ ಬಂದು ಅಳದೇ ಹೋದವೂ ಇವೆ, ಅದನ್ನೆಲ್ಲ ಮನೆಗೆ ಹೊತ್ತು ತರುವ ಅಭ್ಯಾಸ ಇವಳಿಗಿಲ್ಲ, ಅಷ್ಟೆ. ಮೊದಲ ಸಲ ತಂಗಿ ಹೆತ್ತದ್ದು ಬೇರೆ ಊರಲ್ಲಿ, ದಿನ ತುಂಬುವ ಮೊದಲೇ, ಇವಳು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು, ಮಗುವನ್ನು ಬಟ್ಟೆ ಸುತ್ತಿ ತೆಗೆದುಕೊಂಡು ಹೋಗಿದ್ದರು, ನೀನು ನೋಡದಿದ್ದರೇ ಒಳ್ಳೇದು ಎಂದಿದ್ದರಂತೆ, ಯಾರ ಒಳ್ಳೇದಕ್ಕೋ. ತಂಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಅಕ್ಕ, ಯಾರೂ ನನ್ನ ಕೈಗೆ ಕೊಡಲಿಲ್ಲ ಕಣೇ, ಎಂದಳು, ಅಳಲಿಲ್ಲ, ದೂರು ಹೇಳುವವಳ ಹಾಗೆ ಹೇಳಿದಳು, ನೀನಾಗಿದ್ದರೆ ಕೊಡ್ತಿದ್ದೆ ಅಲ್ವಾ. ಕೊಡ್ತಿದ್ದೆ ಎಂದಳು ಇವಳು. ಆಮೇಲೆ ವರ್ಷಗಟ್ಟಲೆ ಮಗುವಿನ ಮಾತೆತ್ತಿದರೆ ತಂಗಿ ಎದ್ದು ಹೋಗುತ್ತಿದ್ದಳು, ಕೊನೆಗೊಂದು ದಿನ ಫೋನು, ಬಸಿರು ನಿಂತಿದೆ ಅಕ್ಕ, ಈ ಸಲ ನಿನ್ನ ಊರಿಗೇ ಬರ್ತೀನಿ, ನೀನೇ ಹಿಡಿಬೇಕು, ನಿನ್ನ ಕೈಯಿಂದಲೇ ನನ್ನ ಕೈಗೆ ಬರಬೇಕು, ಮಾತು ಕೊಡು. ಕೊಟ್ಟಳು. ಮಾತು ಕೊಡುವುದಕ್ಕೆ ಅಂಗೈ ಮೇಲಾಗಬೇಕೆಂದಿಲ್ಲವಲ್ಲ, ಆಗ ಆಗುತ್ತಲೂ ಇತ್ತು, ನೀರು ಕುಡಿಯುವಷ್ಟು ಸುಲಭವಾಗಿ ಆಗುತ್ತಿತ್ತು.

ಇರಲಾರದೆ ಇರುವೆ ಬಿಟ್ಟುಕೊಂಡ್ಳು, ಎಂದು ಅಮ್ಮ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು, ಈ ವಯಸ್ಸಿಗೆ ಬೆಟ್ಟದ ಮೇಲೆ ಸೈಕಲ್ಲಂತೆ, ರಸ್ತೇಲಿ ಹೊಡೆದರೆ ಸಾಲದಂತೆ, ಕಲ್ಲು ಮುಳ್ಳು ಬೇಕಂತೆ. ಬೇಕಿತ್ತು, ಅಮ್ಮನಿಗೆ ಹೇಗೆ ಹೇಳುವುದು, ದಿನವಿಡೀ ಇನ್ನೊಬ್ಬರ ನೋವಿಗೆ ಮುಕ್ಕು, ಮುಕ್ಕು, ಇನ್ನೂ ಸ್ವಲ್ಪ ಎಂದು ಕೂಗಿದವಳಿಗೆ ತನ್ನ ಮೈಯಲ್ಲೇ ಏದುಸಿರು ಬರಬೇಕಿತ್ತು, ಊರ ಹಿಂದಿನ ಬೆಟ್ಟ ಹತ್ತುವಾಗ ತೊಡೆ ಉರಿಯಬೇಕಿತ್ತು, ಇಳಿಯುವಾಗ ದಪ್ಪ ಟಯರಿನ ಕೆಳಗೆ ಜಲ್ಲಿ ಸಿಡಿದು ತಲೆಯೊಳಗಿನದೆಲ್ಲ ಗಾಳಿಗೆ ಹೋಗಬೇಕಿತ್ತು, ಎರಡು ವರ್ಷ ಹೋಯಿತು ಕೂಡ. ಬೀಳೋದು ಕಲೀರಿ ಮೊದಲು ಎಂದಿದ್ದ ಸೈಕಲ್ ಕಲಿಸಿದವನು, ಎಲ್ಲರನ್ನೂ ಹುಲ್ಲಿನ ಮೇಲೆ ನಿಲ್ಲಿಸಿ, ಕೈ ಚಾಚಬಾರದು, ಕೈ ಒಳಗೆ ಎಳ್ಕೊಳ್ಳಿ, ಭುಜ ಕೊಟ್ಟು ಉರುಳಿ, ಉಳಿದವರು ಚೆಂಡಿನ ಹಾಗೆ ಉರುಳಿದರು, ಇವಳು ಪ್ರತಿ ಸಲವೂ ಕೈ ಚಾಚಿದಳು, ಸಿಸ್ಟರ್, ನಿಮಗೆ ಕೈ ಮೇಲೆ ಪ್ರೀತಿ ಇಲ್ವಾ, ಎಂದು ಅವನು ನಕ್ಕ, ಇವಳೂ ನಕ್ಕಳು. ನಗದೆ ಏನು ಮಾಡುವುದು, ಜಾರಿ ಬರುವುದನ್ನು ಕಂಡರೆ ಮುಂದೆ ಹೋಗುವುದೇ ಈ ಕೈಗೆ ಗೊತ್ತು, ಬೇರೇನೂ ಗೊತ್ತಿಲ್ಲ. ಆವತ್ತು ತಿರುವಿನಲ್ಲಿ ಒಂದು ಬೇರು, ಹಿಂದಿನ ವಾರವೂ ಅಲ್ಲೇ ಇದ್ದ ಬೇರು, ನೆನೆದು ಹೊಳೆಯುತ್ತಿತ್ತು, ಹೆದರಿ ಮುಂದಿನ ಬ್ರೇಕು ಒತ್ತಿದಳು, ಸೈಕಲ್ಲು ನಿಂತಿತು, ಇವಳು ನಿಲ್ಲಲಿಲ್ಲ, ಹ್ಯಾಂಡಲಿನ ಮೇಲಿಂದ ಹೋಗುತ್ತ ನೆಲ ತನ್ನ ಕಡೆ ಬರುವುದನ್ನು ಕಂಡಳು, ಎರಡೂ ಕೈ ಚಾಚಿದಳು — ನೆಲವನ್ನು ಹಿಡಿಯಲು ಹೋದಳು, ಮಗುವನ್ನು ಹಿಡಿಯುವ ಹಾಗೆ. ಎಡಗೈ ಹುಲ್ಲಿನಲ್ಲಿ ಜಾರಿತು, ಬಲಗೈ ಕಲ್ಲಿಗೆ ಊರಿತು, ಮೊಣಕೈಯೊಳಗೆ ಒಣ ಕೊಂಬೆ ಮುರಿದಂಥ ಸದ್ದು, ಆ ಸದ್ದು ಕಿವಿಗಲ್ಲ, ಹಲ್ಲಿಗೆ ಕೇಳಿತು. ಎದ್ದು ಕೂತಾಗ ಕೈ ಅಲ್ಲೇ ಇತ್ತು, ಹೆಬ್ಬೆರಳು ಮೇಲಾಗಿ, ಅಡ್ಡವಾಗಿ, ತನ್ನದಲ್ಲವೇನೋ ಎಂಬಂತೆ ತೊಡೆಯ ಮೇಲಿತ್ತು.

ಇಲ್ಲಿ ನೋಡಮ್ಮ, ಮೊಣಕೈಯಲ್ಲಿ ಗುಂಡಗಿನ ತುದಿ ಇರೋ ಮೂಳೆ, ಅದು ತಿರುಗಿದ್ರೆ ನಿನ್ನ ಅಂಗೈ ತಿರುಗುತ್ತೆ, ಅದೇ ಸೀಳಿದೆ, ಎಂದರು ಮೂಳೆ ಡಾಕ್ಟರು, ಕೊಯ್ದು ತಿರುಪು ಹಾಕಿ ಹೊಲಿದರು, ಆಮೇಲೆ ಪಟ್ಟಿ, ಪಟ್ಟಿಯೊಳಗೆ ತುರಿಕೆ, ಕೈಲಾಗದವನು ಮೈ ಪರಚಿಕೊಂಡ ಅಂತಾರಲ್ಲ, ಇವಳಿಗೆ ಪರಚಿಕೊಳ್ಳಲೂ ಕೈಯಿಲ್ಲ. ಗಂಡ ತಲೆ ಬಾಚಿದ, ಒಳ್ಳೆಯ ಮನುಷ್ಯ, ಬೈತಲೆ ಒಂದು ದಿನವೂ ನೆಟ್ಟಗೆ ಬರಲಿಲ್ಲ, ಬೆನ್ನಿನ ಹುಕ್ಕು ಹಾಕುವಾಗ ಉಸಿರು ಬಿಗಿ ಹಿಡಿದು ಹಾಕುತ್ತಿದ್ದ, ತೆಗೆಯೋದು ಸುಲಭ ಇತ್ತು ಕಣೆ ಎಂದ, ಇವಳು ನಕ್ಕು ಆಮೇಲೆ ಬಚ್ಚಲಿಗೆ ಹೋಗಿ ಅತ್ತಳು. ಬಚ್ಚಲಲ್ಲಿ ಮುಖ ತೊಳೆಯಲು ಬಗ್ಗಿದರೆ ಬೊಗಸೆ ಆಗುವುದಿಲ್ಲ, ಎಡ ಅಂಗೈ ಬಂದು ಕಾಯುತ್ತದೆ, ಬಲ ಅಂಗೈ ಅರ್ಧಕ್ಕೇ ನಿಂತುಬಿಡುತ್ತದೆ, ನೀರೆಲ್ಲ ನಡುವೆ ಸೋರಿ ಕಾಲಿನ ಮೇಲೆ. ಔಷಧದ ಅಂಗಡಿಯವನು ಅಂಗೈಗೆ ಮಾತ್ರೆ ಹಾಕಿದ, ಮಾತ್ರೆ ಜಾರಿ ನೆಲಕ್ಕೆ ಬಿತ್ತು, ಕೈ ಹಿಡೀರಮ್ಮ ಸರಿಯಾಗಿ, ಎಂದ. ಕೈ ತಿರುವಿಸುವ ಫಿಸಿಯೊಗೆ ಇವಳು ಇಟ್ಟ ಹೆಸರು ತಿರುಪು ಮೇಷ್ಟ್ರು, ಅಂಗೈ ಆಕಾಶಕ್ಕೆ ತೋರ್ಸಿ ಮೇಡಂ, ಬಿಡಿ, ಕೈ ಸಡಿಲ ಬಿಡಿ, ನೀವೇ ಹಿಡ್ಕೊಂಡಿದ್ದೀರಿ — ತಾನೇ ಎಷ್ಟು ಹೆಂಗಸರಿಗೆ ಹೇಳಿಲ್ಲ ಇದನ್ನು, ಮೈ ಸಡಿಲ ಬಿಡಮ್ಮ, ಬಿಗಿ ಹಿಡಿದ್ರೆ ನಿನಗೇ ಕಷ್ಟ, ಹೇಳುವವರಿಗೇನು, ಮೈ ತನ್ನ ಪಾಡಿಗೆ ತಾನು ಬಿಗಿಯುತ್ತದೆ, ಅದಕ್ಕೆ ಯಜಮಾನಿ ಯಾರೆಂಬುದೇ ಮರೆತಿದೆ. ಇವಳು ತಿರುಗಿಸುತ್ತಾಳೆ, ಭುಜ ತಿರುಗುತ್ತದೆ, ಸೊಂಟ ತಿರುಗುತ್ತದೆ, ಕತ್ತೂ ತಿರುಗುತ್ತದೆ, ಅಂಗೈ ಮಾತ್ರ ಅರ್ಧ ತೆರೆದ ಕಿಟಕಿಯಂತೆ ಅಲ್ಲೇ. ತಂಗಿಯ ಫೋನು ದಿನಾ ಸಂಜೆ, ಕೈ ಹೇಗಿದೆ ಅಕ್ಕ, ಸರಿಹೋಗ್ತಾ ಇದೆ ಕಣೆ, ಪೂರ್ತಿ ತಿರುಗುತ್ತಾ, ಹೂಂ, ಹೆಚ್ಚುಕಮ್ಮಿ. ಹೆಚ್ಚುಕಮ್ಮಿ ಎಂಬ ಮಾತು ಎಷ್ಟು ಸುಳ್ಳನ್ನು ಹೊರುತ್ತದೆ. ಮುಂದಿನ ವಾರ ತಿರುಗಬಹುದು, ಆಗ ಹೇಳಿದ್ದು ನಿಜವೇ ಆಗುತ್ತದೆ, ಎಂದುಕೊಂಡಳು, ವಾರ ಬಂತು, ಇನ್ನೊಂದು ವಾರ ಬಂತು, ದೊಡ್ಡ ಸಿಸ್ಟರ್ ಇವಳನ್ನು ಚೀಟಿ ಬರೆಯುವ ಕೌಂಟರಿಗೆ ಹಾಕಿದರು, ಅದನ್ನೂ ತಂಗಿಗೆ ಹೇಳಲಿಲ್ಲ, ಅವಳು ಊರಿಗೆ ಬಂದಿಳಿದಾಗಲೂ ಇವಳು ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡಳು, ಬಸುರಿಗೆ ಯಾಕೆ ಚಿಂತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಬಸುರಿಯ ಚಿಂತೆಯಲ್ಲ ಅದು, ಹೇಳಲು ತನಗೇ ಧೈರ್ಯವಿರಲಿಲ್ಲ, ಅಷ್ಟೆ, ಬಾಯಿ ಬಿಟ್ಟು ಹೇಳಿದರೆ ಕೈ ನಿಜವಾಗಿಯೂ ಹೀಗೇ ಉಳಿದುಬಿಡುತ್ತದೆಂಬ ಹೆದರಿಕೆ.

ಬಾಗಿಲು ತೆರೆಯಿತು, ಕಡ್ಡಿಯ ತಲೆ ಕಾಣಿಸಿತು, ಅಕ್ಕ, ಬನ್ನಿ ಒಳಗೆ, ಅವರು ನಿಮ್ಮನ್ನೇ ಕೇಳ್ತಿದ್ದಾರೆ, ಮುಕ್ಕೋದೇ ಇಲ್ಲ ಅಂತಿದ್ದಾರೆ, ದೊಡ್ಡ ಸಿಸ್ಟರೇ ಕರೀ ಅಂದ್ರು. ಎದ್ದಳು, ಬೆಂಚು ಟಕ್ಕೆಂದಿತು, ಹಸಿರು ನಿಲುವಂಗಿಯ ತೋಳೊಳಗೆ ಎಡಗೈ ಹೋಯಿತು, ಬಲಗೈಯನ್ನು ಕಡ್ಡಿ ಮಗುವಿನ ಕೈ ತೂರಿಸುವ ಹಾಗೆ ತೂರಿಸಿದಳು. ಅದೇ ವಾಸನೆ, ಅದೇ ದೀಪ, ಅದೇ ಮಂಚ, ಮಂಚದ ಕಾಲಿನ ಕಡೆಯ ತುದಿ ಇವಳದು, ಇವತ್ತು ತಲೆಯ ಕಡೆ ನಿಲ್ಲಿಸಿದ್ದಾರೆ. ಎಲ್ಲಿ ಹೋಗಿದ್ದೆ ಅಕ್ಕ, ಎಂದಳು ತಂಗಿ, ಮುಖವೆಲ್ಲ ಬೆವರು, ಎಲ್ಲೂ ಇಲ್ಲ ಕಣೆ, ಇಲ್ಲೇ ಇದ್ದೆ, ಎಂದಳು ಇವಳು, ನೀನು ಆ ಕಡೆ ಹೋಗು ಅಕ್ಕ, ನೀನೇ ಹಿಡಿ, ಕಡ್ಡಿ ಹಿಡಿತಾಳೆ ಕಣೆ, ನಾನು ಇಲ್ಲೇ ಇರ್ತೀನಿ, ಬೇಡ ಅಕ್ಕ, ನೀನು — ಅಷ್ಟರಲ್ಲಿ ನೋವು ಬಂದು ಅವಳ ಮಾತನ್ನು ಎತ್ತಿಕೊಂಡು ಹೋಯಿತು. ಮುಕ್ಕು, ಎಂದಳು ಅಕ್ಕ, ಮುಕ್ಕು ಪುಟ್ಟಿ, ಬಾಯಾದರೂ ಇದೆಯಲ್ಲ ತನಗೆ, ಇನ್ನೂ ಸ್ವಲ್ಪ, ಗದ್ದ ಎದೆಗೆ ಒತ್ತು, ಕಡ್ಡಿಯ ಭುಜ ಬಗ್ಗಿತು, ತಲೆ ಕಾಣ್ತಿದೆ ಅಕ್ಕ, ಎಂದಳು ಕಡ್ಡಿ, ತಂಗಿಗಲ್ಲ, ಇವಳಿಗೆ, ಇವಳ ಎರಡೂ ಕೈ ನಿಲುವಂಗಿಯೊಳಗೆ ತಾವಾಗಿಯೇ ಮುಂದೆ ಹೋದವು, ಯಾರೂ ಕರೆಯದಿದ್ದರೂ ಹೋದವು, ಗಾಳಿಯಲ್ಲಿ ನಿಂತವು. ಮಗುವಿನ ಭುಜ ಬಂತು, ಜಾರಿತು, ಬಂದೇಬಿಟ್ಟಿತು, ಆಮೇಲೆ ಏನೂ ಸದ್ದಿಲ್ಲ — ಈ ಹೊತ್ತು ಇವಳಿಗೆ ಗೊತ್ತು, ಪ್ರತಿ ಸಲವೂ ಇರುತ್ತದೆ, ಆದರೆ ಕೈಯಲ್ಲಿ ಮಗುವಿದ್ದರೆ ಬೆನ್ನು ತಿಕ್ಕಲು, ಬಾಯಿ ಒರೆಸಲು ಕೆಲಸವಿರುತ್ತದೆ, ಬರಿಗೈಯಲ್ಲಿ ನಿಂತವರಿಗೆ ಇದು ಎಷ್ಟು ಉದ್ದವೆಂದು ಇವತ್ತೇ ಗೊತ್ತಾದದ್ದು, ತಂಗಿ ಉಸಿರು ಹಿಡಿದು ಇವಳ ಮುಖವನ್ನೇ ನೋಡುತ್ತಿದ್ದಾಳೆ, ಕಡ್ಡಿ ತಿಕ್ಕುತ್ತಿದ್ದಾಳೆ, ತಿಕ್ಕು, ಇನ್ನೂ ಜೋರಾಗಿ, ಹೆದರಬೇಡ — ಅತ್ತಿತು. ಬೆಕ್ಕಿನ ಮರಿಯಷ್ಟು, ಆಮೇಲೆ ಕೋಣೆ ತುಂಬ. ಹೆಣ್ಣು, ಎಂದರು ದೊಡ್ಡ ಸಿಸ್ಟರ್. ತಂಗಿ ಅಳುತ್ತ, ನಗುತ್ತ, ಎರಡೂ ಕೈ ಮುಂದೆ ಮಾಡಿದಳು, ಮತ್ತೆ ಹಿಂದಕ್ಕೆ ತೆಗೆದುಕೊಂಡಳು, ಇಲ್ಲ, ಮೊದಲು ಅಕ್ಕನಿಗೆ ಕೊಡಿ, ಅಕ್ಕ ಕೊಡ್ಲಿ ನನಗೆ, ಮಾತು ಕೊಟ್ಟಿದ್ದಾಳೆ. ಕಡ್ಡಿ ಮಗುವನ್ನು ಎತ್ತಿಕೊಂಡು ಮಂಚ ಸುತ್ತಿ ಬಂದಳು, ಬಟ್ಟೆಯೊಳಗೆ ಕೆಂಪು ಮುಖ, ಮುಷ್ಟಿ, ಒದ್ದೆ ಕೂದಲು, ಇವಳು ಎರಡೂ ಕೈ ಚಾಚಿದಳು, ಎಡ ಅಂಗೈ ತೆರೆದುಕೊಂಡಿತು, ಬಲಗೈಗೆ ಹೇಳಿದಳು, ಇದೊಂದು ಸಲ, ಬೇಡಿಕೊಂಡಳು, ಭುಜ ಬಗ್ಗಿಸಿದಳು, ಸೊಂಟ ಬಗ್ಗಿಸಿದಳು, ಕಣ್ಣಲ್ಲಿ ನೀರು ಬರುವಷ್ಟು ತಿರುಗಿಸಿದಳು. ಕಡ್ಡಿ ಕೊಡಲು ಬಗ್ಗಿದವಳು ಹಾಗೇ ನಿಂತಳು. ಮಗುವನ್ನು ಕೊಡುವಾಗ ಮುಖ ನೋಡಬೇಡ, ಮುಖ ಎಲ್ಲದಕ್ಕೂ ಹೂಂ ಅನ್ನುತ್ತೆ, ಕೈ ನೋಡಿ ಕೊಡು, ಎಂದು ಅವಳಿಗೆ ಕಲಿಸಿದ್ದು ಇವಳೇ, ಹುಡುಗಿ ಕಲಿತದ್ದನ್ನು ಮರೆತಿಲ್ಲ, ಅವಳ ಕಣ್ಣು ಇವಳ ಮುಖದಿಂದ ಕೆಳಗಿಳಿದು ಬಲಗೈಯ ಮೇಲೆ ನಿಂತಿತು, ಮಗು ಅವಳ ಎದೆಗೇ ಹಿಂದಿರುಗಿತು, ಒಂದು ಗೇಣಷ್ಟು, ಅಷ್ಟೆ — ಮಂಚದ ಮೇಲಿಂದ ತಂಗಿ ಕತ್ತೆತ್ತಿ ಕಡ್ಡಿಯ ಕಣ್ಣು ಹೋದ ಕಡೆ ನೋಡಿದಳು, ಅಕ್ಕ, ಎಂದಳು, ಹೆಚ್ಚುಕಮ್ಮಿ ಅಂದಿದ್ದೆ ನೀನು, ಎಂದಳು, ಮಗು ಅಳುತ್ತಿದೆ, ಕೈ ಅಲ್ಲೇ ಇದೆ, ಹೆಬ್ಬೆರಳು ಮೇಲಾಗಿ, ಅಡ್ಡವಾಗಿ, ತಂಗಿ ಆ ಕೈಯನ್ನು ನೋಡುತ್ತಿದ್ದಾಳೆ.