ನದಿ ಪಾತ್ರದ ಜನರಿಗೆ ತಿಳಿಸುವುದೇನೆಂದರೆ

ತಬಸ್ಸುಮಳ ಧ್ವನಿಯನ್ನು ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಕೇಳದ ಕಿವಿ ಇರಲಿಲ್ಲ. ಮುಖದ ಗುರುತು ಮಾತ್ರ ಕುರುಗೋಡಿನ ಅವಳ ಓಣಿಯ ಆಚೆ ಯಾರಿಗೂ ಇರಲಿಲ್ಲ. ಗಂಡ ಮುಜಾಫರನ ಮೈಕ್‌ಸೆಟ್ ಅಂಗಡಿಯ ಹಿಂದೆ ಒಂದು ಸಣ್ಣ ಕೋಣೆ. ಹೊರಗಿನ ಸದ್ದು ಒಳಗೆ ಬಾರದಿರಲೆಂದು ಗೋಡೆಗೆಲ್ಲ ಹಳೇ ಕೌದಿ ಹೊಡೆದಿದ್ದರು. ಅಲ್ಲಿ ಕೂತು ಅವಳು ಸೀರೆ ಸೇಲು, ಕಣ್ಣಿನ ಶಿಬಿರ, ಕಳೆದುಹೋದ ಎಮ್ಮೆ ಎಲ್ಲವನ್ನೂ ಒಂದೇ ಉಮೇದಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಆಟೋಗಳು ಅದನ್ನು ಹೊತ್ತು ಊರೂರು ಸುತ್ತುತ್ತಿದ್ದವು. ಒಮ್ಮೆ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ "ಬದನಿಕಾಯಿ ಹೆಂಗ?" ಎಂದು ಕೇಳಿದ್ದಕ್ಕೆ ತರಕಾರಿಯಾಕೆ ಬೆಚ್ಚಿಬಿದ್ದು, ಹಿಂದೆ ಆಟೋ ಬಂತೇನೋ ಎಂದು ತಿರುಗಿ ನೋಡಿದ್ದಳು.

ಆಗಸ್ಟಿನ ಒಂದು ಸಂಜೆ ಸಿರುಗುಪ್ಪದಿಂದ ಅರ್ಜೆಂಟು ಒಕ್ಕಣೆಯೊಂದು ಮೊಬೈಲಿಗೆ ಬಂತು. ಹೊಳೆದಂಡೆಯ ಗಡ್ಡೆ ಓಣಿಯಲ್ಲಿ ಪ್ರಚಾರ ಮಾಡಬೇಕಿತ್ತು. ನೆರೆಯ ಉಸ್ತುವಾರಿಗೆ ಹಾಕಿದ್ದ ಅಧಿಕಾರಿ ಹಾಲಸಿದ್ದಪ್ಪ ಬರೆದದ್ದು. ತಬಸ್ಸುಮ್ ಒಂದೇ ಉಸಿರಿಗೆ ಓದಿದಳು: "ನದಿ ಪಾತ್ರದ ಜನರಿಗೆ ತಿಳಿಸುವುದೇನೆಂದರೆ, ಜಲಾನಯನ ಪ್ರದೇಶದಲ್ಲಿ ಅಧಿಕ ಮಳೆಯಾಗುತ್ತಿರುವ ಪ್ರಯುಕ್ತ ನದಿಗೆ ಒಂದು ಲಕ್ಷ ಎಂಬತ್ತು ಸಾವಿರ ಕ್ಯೂಸೆಕ್ ನೀರು ಹರಿಯುವ ಸಂಭವವಿದ್ದು, ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು." ಮುಜಾಫರ್ ರೂಢಿಯಂತೆ ಹಿನ್ನೆಲೆಗೆ ಶಹನಾಯಿ ಸೇರಿಸಿ, ಸಿರುಗುಪ್ಪದ ಆಟೋ ಗಾದೆಪ್ಪನಿಗೆ ಕಳಿಸಿ, ಊಟಕ್ಕೆ ಎದ್ದ.

ಬೆಳಿಗ್ಗೆ ಆರೂವರೆಗೆ ಗಾದೆಪ್ಪನ ಫೋನು.

"ಯವ್ವಾ ತಬಸ್ಸುಮ್, ನಿನ್ನಿಂದ ನಾ ಕೆಟ್ಟೆ. ಈ ಓಣಿ ಹೆಣ್ಮಕ್ಕಳೆಲ್ಲಾ ನನ್ನ ಆಟೋ ಸುತ್ತ ಹಳೇ ಪಾತ್ರಿ ಹಿಡಕೊಂಡು ನಿಂತಾರ!"

"ಪಾತ್ರಿ ಯಾಕ ಕಾಕಾ?"

"ಹೋದ ತಿಂಗಳು ನೀನ ಕೂಗಿದ್ದೆಲ್ಲವಾ, ಹಳೇ ಪಾತ್ರಿ ಕೊಟ್ಟು ಹೊಸ ಸ್ಟೀಲ್ ಪಾತ್ರಿ ಒಯ್ರಿ ಅಂತ? ಅದ ದನಿ, ಅದ ಶಹನಾಯಿ. ನದಿ ಪಾತ್ರ, ನದಿ ಪಾತ್ರ ಅಂದ್ರ, ನದಿ ಅನ್ನೂ ಹೊಸ ಕಂಪನಿ ಪಾತ್ರಿ ಬಂದಾವ ಅಂತ ತಿಳಕೊಂಡಾರ. ಒಬ್ಬರೂ ಮನಿ ಬಿಟ್ಟಿಲ್ಲ."

ತಬಸ್ಸುಮ್‌ಗೆ ಮೊದಲು ನಗು ಉಕ್ಕಿತು. ಅರ್ಧ ನಗುವಿನಲ್ಲೇ ಹೊಳೆ ನೆನಪಾಯಿತು. ಓಣಿಯಲ್ಲಿ ಎಂಬತ್ತು ಮನೆ. ಅವಳು ಬುರ್ಖಾ ಏರಿಸಿಕೊಂಡು, ಅರ್ಧ ಕುಡಿದ ಚಹಾ ಹಾಗೇ ಬಿಟ್ಟು, ತೆಕ್ಕಲಕೋಟೆಯ ಮೇಲೆ ಹೋಗುವ ಸಿರುಗುಪ್ಪದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಮ್ಮೆ ಅಲ್ಯೂಮಿನಿಯಂ ಬೋಗುಣಿಗಳು ಕಣ್ಣಮುಂದೆ ಬಂದು ನಗು, ಒಮ್ಮೆ ನೀರು ಬಂದು ನಡುಕ. ಪಕ್ಕದ ಸೀಟಿನಾಕೆ ಇವಳಿಗೆ ಏನೋ ಗಾಳಿ ಬಡಿದಿದೆ ಎಂದು ಸರಿದು ಕೂತಳು.

ಒಂಬತ್ತಕ್ಕೆ ಗಡ್ಡೆ ಓಣಿ ತಲುಪಿದಾಗ ಹೊಳೆ ಕೆಂಪಗೆ, ದಪ್ಪಗೆ ಹರಿಯುತ್ತಿತ್ತು. ಆದರೆ ದಂಡೆಯೊಳಗೇ ಇತ್ತು. ಬೇವಿನಕಟ್ಟೆಯ ಎದುರು ವಿರೂಪಮ್ಮನೆಂಬ ಎಪ್ಪತ್ತರ ಮುದುಕಿ ತೂತು ಬಿದ್ದ ಕೊಡ ಕಂಕುಳಲ್ಲಿಟ್ಟುಕೊಂಡು ಗಾದೆಪ್ಪನನ್ನು ಬೈಯುತ್ತಿದ್ದಳು.

"ಅಮ್ಮಾ, ಅದು ಪಾತ್ರಿ ವ್ಯಾಪಾರ ಅಲ್ಲ. ಹೊಳಿ ಬರ್ತೈತಿ. ಒಂದು ಲಕ್ಷ ಎಂಬತ್ತು ಸಾವಿರ ಕ್ಯೂಸೆಕ್," ಎಂದಳು ತಬಸ್ಸುಮ್.

"ಕ್ಯೂಸೆಕ್ ಅಂದ್ರ ಎಷ್ಟು ಕೊಡ ನಮ್ಮವ್ವಾ?"

ತಬಸ್ಸುಮ್ ಮೊಬೈಲಿನಲ್ಲಿ ಹುಡುಕಿ, ಬೆರಳು ಮಡಚಿ ಲೆಕ್ಕ ಹಾಕಿದಳು. "ಕಣ್ಣು ಪಿಳಕ್ ಅನ್ನೂದರಾಗ ಎರಡು ಕೊಡ. ಹಂಗಾದ್ರ ಒಟ್ಟು... ಮೂರೂವರಿ ಲಕ್ಷ ಕೊಡ."

"ಅಷ್ಟು ಕೊಡ ಯಾರು ಹೊರತಾರ?" ಎಂದು ಮುದುಕಿ ಕೈ ಝಾಡಿಸಿದಳು. "ಅದನ್ನೆಲ್ಲಾ ತಗೊಂಡು ನಾ ಏನು ಮಾಡ್ಲಿ? ನನ್ನ ಹೊಸ್ತಿಲಿಗೆ ಬರ್ತೈತೋ ಇಲ್ಲೋ, ಅದನ್ನ ಹೇಳು."

ಈ ಮಾತು ತಬಸ್ಸುಮಳಿಗೆ ನೆಟ್ಟಗೆ ನಾಟಿತು. ತಾನು ರಾತ್ರಿ ಅಷ್ಟು ಚೆಂದ ಓದಿದ ಒಕ್ಕಣೆಯಲ್ಲಿ ಇದ್ದದ್ದೆಲ್ಲ ಇತ್ತು, ಇದೊಂದೇ ಇರಲಿಲ್ಲ.

ಅವಳು ಹಾಲಸಿದ್ದಪ್ಪನವರನ್ನು ಹುಡುಕಿಕೊಂಡು ಹೋದಳು. ಓಣಿಯ ಮೇಲಿನ ಎತ್ತರದಲ್ಲಿ ಖಾಲಿಯಿದ್ದ ಅಕ್ಕಿ ಗಿರಣಿಯ ಗೋದಾಮನ್ನು ಅವರು ಜನರಿಗಾಗಿ ಗುಡಿಸಿ, ನೀರು ತರಿಸಿ, ಅಡುಗೆಯವರನ್ನು ಕೂರಿಸಿ ಕಾಯುತ್ತಿದ್ದರು. ಒಳ್ಳೆಯ ಮನುಷ್ಯ, ಮೇಲಿನವರ ಸಹಿ ಬೀಳದೆ ಬಾಯಿ ಬಿಡಬಾರದೆಂಬುದೊಂದೇ ಅವರ ರೋಗ.

"ಸರ್, ನೀರು ಎಲ್ಲೀತನಕ ಬರ್ತೈತಿ?"

"ಅದನ್ನ ಖಚಿತ ಹೇಳಾಕ ಬರೂದಿಲ್ಲಮ್ಮ. ಹೇಳಿದ್ರ ಜನ ಗಾಬರಿ ಆಗ್ತಾರ."

"ಗಾಬರಿ ಎಲ್ಲಿಂದ ಆಗ್ತಾರ್ರಿ? ಪಾತ್ರಿ ಹಿಡಕೊಂಡು ನಿಂತಾರ!"

ಹಾಲಸಿದ್ದಪ್ಪ ಕಿಟಕಿಯಿಂದ ನೋಡಿದರು. ಸಾಲಾಗಿ ಬೋಗುಣಿ, ತಪ್ಪಲೆ, ಚರಿಗೆ. ಅವರ ಗಂಟಲಲ್ಲಿ ನಗುವೋ ಅಳುವೋ ಎಂಥದೋ ಸದ್ದಾಯಿತು. ಅವರು ಫೈಲು ಬಿಚ್ಚಿದರು. ಹಿಂದಿನ ದೊಡ್ಡ ನೆರೆಯಲ್ಲಿ ಹರಿದದ್ದು ಒಂದು ಲಕ್ಷ ಅರವತ್ತು ಸಾವಿರ. ಅವತ್ತು ನೀರು ಎಲ್ಲಿ ನಿಂತಿತ್ತೆಂದು ಫೈಲಿನಲ್ಲಿ ಇರಲಿಲ್ಲ, ತಬಸ್ಸುಮಳ ಬೆನ್ನಿಗೇ ಬಂದಿದ್ದ ವಿರೂಪಮ್ಮನಲ್ಲಿ ಇತ್ತು. "ಬೇವಿನಕಟ್ಟಿ ಮುಳುಗಿ, ನನ್ನ ಒರಳಿಗೆ ಬಂದು ನಿಂತಿತ್ತು. ಒರಳಾಗ ಮೀನು ಸಿಕ್ಕಿತ್ತು," ಎಂದಳು ಆಕೆ. ಹಾಲಸಿದ್ದಪ್ಪ ಎಂಜಿನಿಯರಿಗೆ ಫೋನು ಹಚ್ಚಿದರು. ಈ ಸಲ ಅದಕ್ಕಿಂತ ಎರಡಡಿ ಮೇಲೆ, ಸಂಜೆ ನಾಲ್ಕರ ಸುಮಾರಿಗೆ.

ಓಣಿಗೆ ಇಳಿದು ಬಂದಾಗ ಗಾದೆಪ್ಪ ಮೈಕು ಚಾಚಿದ. ಅದನ್ನು ಹಿಡಿದಾಗಲೇ ತಬಸ್ಸುಮಳಿಗೆ ನೆನಪಾಯಿತು: ತಾನು ಎಂದೂ ಮನುಷ್ಯರ ಎದುರು ಮಾತಾಡಿಲ್ಲ, ಕೌದಿಗಳ ಎದುರು ಮಾತ್ರ. ಎಂಬತ್ತು ಮನೆಯ ಕಣ್ಣು ಅವಳ ಮೇಲೆ.  ಮೈಕಿನಿಂದ ಒಂದು ಬಿಕ್ಕಳಿಕೆ ಮಾತ್ರ ಹೊರಬಂದು, ಹೊಳೆಯ ಆಚೆ ದಂಡೆಗೆ ಹೋಗಿ ಬಡಿದು ವಾಪಸು ಬಂತು. ಯಾರೋ ಕಿಸಕ್ಕೆಂದರು. ಅವಳೂ ನಕ್ಕಳು, ನಕ್ಕಿದ್ದೇ ತಡ, ಗಂಟಲು ಬಿಚ್ಚಿತು.

"ನಾನು ಕುರುಗೋಡಿನ ತಬಸ್ಸುಮ್. ಪಾತ್ರಿ ಮಾರಾಕ ಬಂದಿಲ್ಲ. ರಾತ್ರಿ ನಾ ಓದಿದ್ದು ನಿಮಗ ತಿಳೀಲಿಲ್ಲ, ಅದು ನನ್ನ ತಪ್ಪು. ಈಗ ಕೇಳ್ರಿ. ಇವತ್ತು ನಾಕು ಗಂಟಿ ಸುಮಾರಿಗೆ ಹೊಳಿ ನಿಮ್ಮ ಓಣಿಗೆ ಬರ್ತೈತಿ. ಬೇವಿನಕಟ್ಟಿ ಮುಳುಗತೈತಿ. ವಿರೂಪಮ್ಮನ ಒರಳು ಮುಳುಗಿ, ಮ್ಯಾಲೆ ಎರಡಡಿ ನೀರು ನಿಲ್ತೈತಿ. ಹೊಳಿದಂಡಿ ಪಂಪ್‌ಸೆಟ್ ಈಗಲೇ ಎತ್ರಿ. ಔಷಧಿ, ರೇಷನ್ ಕಾರ್ಡು, ಆಡು, ಕೋಳಿ ತಗೊಂಡು ಗಿರಣಿ ಗೋದಾಮಿಗೆ ನಡೀರಿ. ಅಲ್ಲಿ ಉಪ್ಪಿಟ್ಟು ಆಗೇತಿ. ಪ್ರತಿ ತಾಸಿಗೊಮ್ಮೆ ನಾ ಬಂದು ಹೇಳ್ತೀನಿ. ಹೊಸ ಸುದ್ದಿ ಇಲ್ಲಂದ್ರ, ಇಲ್ಲ ಅಂತಾನ ಹೇಳ್ತೀನಿ."

 ವಿರೂಪಮ್ಮ, "ನನ್ನ ಒರಳು ಮುಳುಗತೈತಂತ!" ಎಂದು ಬಹುಮಾನ ಬಂದವಳಂತೆ ಕೂಗಿ ಮನೆಗೆ ಓಡಿದಳು. ಅವಳ ಹಿಂದೆ ಎಲ್ಲರೂ ಓಡಿದರು.

ಆ ಹೊತ್ತಿನಿಂದ ತಬಸ್ಸುಮಳಿಗೆ ಏನೋ ಏರಿಬಿಟ್ಟಿತು. ಆಟೋದ ಹಿಂದೆ ನಿಂತು, ಕಂಬಿ ಹಿಡಿದು, ಓಣಿಯ ತುದಿಯಿಂದ ತುದಿಗೆ ತೂರಾಡುತ್ತ ಕೂಗಿದಳು. "ಕರಿಬಸವಣ್ಣನ ಪಂಪ್‌ಸೆಟ್ ಮ್ಯಾಲೆ ಬಂತು, ಇನ್ನಾ ಏಳು ಅದಾವ! ಮಂಚ ಹೊತ್ತವರಿಗೆ ದಾರಿ ಬಿಡ್ರಿ! ಮಂಜಮ್ಮಕ್ಕಾ, ಟಿವಿ ತಗೊಂಡ್ರಿ, ಅತ್ತೀನ ಮರತ್ರಿ!" ನಿಜಕ್ಕೂ ಮರೆತಿದ್ದ ಮಂಜಮ್ಮ ನಾಲಿಗೆ ಕಚ್ಚಿಕೊಂಡು ತಿರುಗಿ ಓಡಿದಳು. ಅತ್ತೆಯೋ ಬಾಗಿಲಲ್ಲಿ ಕೂತು ಬಿದ್ದು ಬಿದ್ದು ನಗುತ್ತಿದ್ದಳು. ತಾಸಿಗೊಮ್ಮೆ ಹೊಳೆಯ ಮಟ್ಟ. ಒಮ್ಮೆ ಹೇಳಲು ಏನೂ ಇರಲಿಲ್ಲ. "ಹೊಸಾದು ಏನೂ ಇಲ್ರಿ, ನೀರು ಅಲ್ಲೇ ಐತಿ, ನಾನೂ ಇಲ್ಲೇ ಅದೀನಿ," ಎಂದಳು. ಅದಕ್ಕೂ ಜನ ಕೈಬೀಸಿದರು.

ಮಧ್ಯಾಹ್ನ ಒಂದು ಗಂಟೆಗೆ ಎಲ್ಲರ ಮೊಬೈಲುಗಳಿಗೂ ಒಂದು ವಿಡಿಯೋ ಬಂತು. ಗೋಡೆ ಒಡೆದು ನೀರು ಧುಮುಕುವ ಚಿತ್ರ, ಕೆಳಗೆ ಬರಹ: ಮೇಲಿನ ಅಣೆಕಟ್ಟು ಒಡೆದಿದೆ, ಅರ್ಧ ತಾಸಿನಲ್ಲಿ ಸಿರುಗುಪ್ಪ ಇರುವುದಿಲ್ಲ. ಅಷ್ಟು ಹೊತ್ತು ನಗುತ್ತಿದ್ದ ಓಣಿ ಚೀರಿತು. ಗಿರಣಿಯ ದಾರಿ ಬಿಟ್ಟು ಜನ ಸಿಕ್ಕಸಿಕ್ಕ ಕಡೆ ನುಗ್ಗಿದರು. ಒಂದು ಟ್ರ್ಯಾಕ್ಟರಿನ ಟ್ರೇಲರಿಗೆ ಐವತ್ತು ಜನ ಹತ್ತಿ, ಅದರ ಒಂದು ಚಕ್ರ ಗಟಾರಿನ ಅಂಚಿಗೆ ಜಾರಿತು.

ತಬಸ್ಸುಮ್ ಹಾಲಸಿದ್ದಪ್ಪನವರಿಗೆ ಫೋನು ಹಚ್ಚಿದಳು. "ಸರ್, ಖರೇ ಏನ್ರಿ?"

"ವಿಚಾರಿಸಾಕ ಹತ್ತೀನಿ. ಗೊತ್ತಾಗೂತನಕ ಏನೂ ಹೇಳಬ್ಯಾಡ."

"ಸುಮ್ಮನಿದ್ರ ವಿಡಿಯೋನ ಖರೇ ಆಗತೈತ್ರಿ! ಗೊತ್ತಿಲ್ಲಾ ಅನ್ನೂದನ್ನರ ಹೇಳ್ರಿ. ನೀವ ಹೇಳ್ರಿ." ಅವರ ಉತ್ತರಕ್ಕೆ ಕಾಯದೆ ಸ್ಪೀಕರ್ ಒತ್ತಿ ಫೋನನ್ನು ಮೈಕಿಗೆ ಹಿಡಿದಳು.

ಮೊದಲು ಬರೀ ಉಸಿರು ಕೇಳಿಸಿತು. ಆಮೇಲೆ ಹಾಲಸಿದ್ದಪ್ಪನವರ ಧ್ವನಿ, ಸಹಿಯಿಲ್ಲದೆ, ಬರಿಗಾಲಲ್ಲಿ ನಡೆದು ಬಂದಂತೆ ಬಂತು: "ನಾನು ಹಾಲಸಿದ್ದಪ್ಪ. ಆ ವಿಡಿಯೋ ಖರೇನೋ ಸುಳ್ಳೋ, ನನಗ ಇನ್ನಾ ಗೊತ್ತಿಲ್ಲ. ಹದಿನೈದು ನಿಮಿಷದಾಗ ಕೇಳಿ ಹೇಳ್ತೀನಿ. ಖರೇ ಇರ್ಲಿ, ಸುಳ್ಳಿರ್ಲಿ, ಗೋದಾಮು ಎತ್ತರದಾಗ ಐತಿ, ನನ್ನ ಹೆಂಡ್ತಿ ಮಕ್ಕಳೂ ಇಲ್ಲೇ ಅದಾರ. ಟ್ರ್ಯಾಕ್ಟರ್ ಇಳೀರಿ. ನಡಕೊಂತ ಬರ್ರಿ."

ಅಧಿಕಾರಿಯೊಬ್ಬರು 'ಗೊತ್ತಿಲ್ಲ' ಎಂದದ್ದನ್ನು ಓಣಿ ಮೊದಲ ಬಾರಿಗೆ ಕೇಳಿತ್ತು. ಓಡುವವರು ನಿಂತರು. ಟ್ರೇಲರಿನಿಂದ ಒಬ್ಬೊಬ್ಬರೇ ಇಳಿದರು. ತಬಸ್ಸುಮ್ ಮುಂದೆ ನಡೆದಳು, ಹಿಂದೆ ಓಣಿ ನಡೆಯಿತು. ಹದಿಮೂರನೇ ನಿಮಿಷಕ್ಕೆ ಫೋನು ಬಂತು: ಅಣೆಕಟ್ಟು ಗಟ್ಟಿಯಾಗಿದೆ, ವಿಡಿಯೋ ಯಾವುದೋ ದೇಶದ್ದು. ಅವಳು ಅದನ್ನು ಕೂಗಿದಾಗ ಎದ್ದ ಕೇಕೆಗೆ ಗಿರಣಿಯ ತಗಡಿನ ಮೇಲಿನ ಪಾರಿವಾಳಗಳೆಲ್ಲ ಹಾರಿದವು.

ನಾಲ್ಕು ಹೊಡೆಯಿತು. ಎಲ್ಲರೂ ಗೋದಾಮಿನ ಕಟ್ಟೆಯ ಮೇಲೆ ಸಾಲಾಗಿ ನಿಂತು ಓಣಿಯನ್ನೇ ನೋಡಿದರು. ನೀರು ಬರಲಿಲ್ಲ. ನಾಲ್ಕೂವರೆ. ಬೇವಿನಕಟ್ಟೆ ಒಣಗಿಯೇ ಇತ್ತು.

"ಏನವಾ, ನಿನ್ನ ಹೊಳಿಗೆ ಗಡಿಯಾರ ಇಲ್ಲೇನು?" ಎಂದು ಕರಿಬಸವ ಕೆಣಕಿದ. ಇಬ್ಬರು ಮೂವರು ಮನೆಗೆ ಹೋಗಲು ಚೀಲ ಎತ್ತಿದರು.

 ತಬಸ್ಸುಮ್ ಏನಾದರೂ ನೆಪ ಹೇಳಬಹುದಿತ್ತು. ಮೈಕು ಎತ್ತಿದಳು. "ನಾಕು ಗಂಟಿ ಅಂದಿದ್ದು ತಪ್ಪಾತು. ನಾನೂ ನಿಮ್ಮಂಗ ದಾರಿ ಕಾಯಾಕ ಹತ್ತೀನಿ. ಆದ್ರ ನೀರು ಮ್ಯಾಲಿನ ಊರು ದಾಟೇತಿ, ಅದು ಖರೇ. ಆರರ ತನಕ ನಿಲ್ರಿ. ಬರಲಿಲ್ಲಂದ್ರ ಎಲ್ಲರೂ ಸೇರಿ ನನಗ ಬೈರಿ, ಮೈಕು ನಾನ ಕೊಡ್ತೀನಿ."

ಬೈಯುವ ಆಸೆಗೆ ಜನ ನಿಂತರು. ವಿರೂಪಮ್ಮ ಮೊದಲ ಬೈಗುಳ ತನ್ನದೆಂದು ಪಾಳಿ ಹಚ್ಚಿದಳು.

ಐದೂವರೆಗೆ ಹೊಳೆ ಸದ್ದಿಲ್ಲದೆ ಓಣಿಯೊಳಗೆ ಕಾಲಿಟ್ಟಿತು. ಬೆಕ್ಕು ಅಡುಗೆಮನೆಗೆ ಬಂದಂತೆ ಬಂತು. ಪಂಪ್‌ಸೆಟ್ ಎತ್ತಿದ ಗುಂಡಿಗಳು ತುಂಬಿದವು, ಬೇವಿನಕಟ್ಟೆ ಮುಳುಗಿತು, ಒರಳು ಕಾಣದಾಯಿತು. ಅದರ ಮೇಲೆ ನೀರು ಎರಡಡಿಯೋ, ಎರಡೂವರೆಯೋ.  ಆಮೇಲೆ ಹಾಲಸಿದ್ದಪ್ಪ ತಲೆ ಎಣಿಸಿದರು. ಎಂಬತ್ತು ಮನೆ, ಮುನ್ನೂರ ಹನ್ನೆರಡು ಜನ. ಮತ್ತೊಮ್ಮೆ ಎಣಿಸಿದರು, ಅಷ್ಟೇ. ಒಬ್ಬರೂ ಕಡಿಮೆಯಿಲ್ಲ.

ಆಗ ಗೋದಾಮು ನಕ್ಕ ನಗು! ವಿರೂಪಮ್ಮ ತಬಸ್ಸುಮಳ ಎರಡೂ ಕೆನ್ನೆ ಹಿಡಿದು ಅಲುಗಾಡಿಸಿದಳು. "ಬೈಗುಳ ಎಲ್ಲಾ ಗಂಟಲಾಗ ಉಳಿದ್ವಲ್ಲೇ!" ಎಂದಳು. ಮಂಜಮ್ಮನ ಅತ್ತೆ ಸೊಸೆಯ ಮರೆವಿನ ಕತೆಯನ್ನು ಐದನೇ ಸಲ ಹೇಳಿದಳು, ಐದನೇ ಸಲವೂ ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ತಬಸ್ಸುಮ್ ಏನೋ ಹೇಳಲು ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಗಂಟಲು ಪೂರ್ತಿ ಕೂತಿತ್ತು.

ಮುಂದಿನ ಸುದ್ದಿ ಯಾರು ಹೇಳಬೇಕು? ಹಾಲಸಿದ್ದಪ್ಪ ಹಿಂಜರಿಯುತ್ತ ಮೈಕು ತೆಗೆದುಕೊಂಡರು. ಹೊಳೆಯ ಮಟ್ಟ ಹೇಳಿದರು, ಊಟಕ್ಕೆ ಏನಿದೆ ಎಂದು ಹೇಳಿದರು. ಚಪ್ಪಾಳೆ ಬಿತ್ತು. ಆಮೇಲೆ ಅರ್ಧ ತಾಸಿಗೊಮ್ಮೆ, ಕಾಲು ತಾಸಿಗೊಮ್ಮೆ ಹೇಳತೊಡಗಿದರು. ನೀರು ಒಂದು ಅಂಗುಲ ಇಳಿದದ್ದು, ಚಟ್ನಿಗೆ ಉಪ್ಪು ಕಡಿಮೆಯಾದದ್ದು, ಕರಿಬಸವನ ಆಡು ಮರಿ ಹಾಕಿದ್ದು, ಮರಿ ಎರಡು, ಎರಡೂ ಕಪ್ಪು. "ಹೊಸ ಸುದ್ದಿ ಏನೂ ಇಲ್ಲ ಅಂತ ತಿಳಿಸಾಕ ಸಂತೋಷ ಆಗತೈತಿ!" ಎಂದು ಅವರು ಎಂಟು ಗಂಟೆಗೆ ಕೂಗಿದಾಗ ಗಾದೆಪ್ಪ ಕೈಮುಗಿದ. "ಸರ್, ಬ್ಯಾಟರಿ ಮುಗೀತೈತ್ರಿ."

ತಬಸ್ಸುಮ್ ಅಡುಗೆಗೆ ತರಿಸಿದ್ದ ಅಕ್ಕಿ ಚೀಲಗಳಿಗೆ ಒರಗಿ, ಬಿಸಿನೀರಿನ ಲೋಟ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಗುತ್ತಿದ್ದಳು, ಸದ್ದೇ ಇರಲಿಲ್ಲ.