ಡಿಗುಬೆ ಅಂದ್ರೇನು?

“ಸೊನ್ನೆ ಅಂತಲೇ ಗಂಗಿ! ನಿನ್ನ ಮಗಳು ಓದೂದ್ರಾಗ ಸೊನ್ನೆ ತಗೊಂಡಾಳಂತ. ಎರಡು ಬರ್ಲಿ, ಒಂದರ ಬರ್ಲಿ. ಏನೂ ಇಲ್ಲ! ಅಂಥಾ ಹಡಿಬಿಟ್ಟೀನ್ನ ಸಾಲಿಗ್ಯಾಕ ಕಳಸ್ತೀ?”

ಸತೀಶ ಸಾವ್ಕಾರರು ಅನಾನಸ್ ಹೊಲದ ಬದುವಿನ ಮೇಲೆ, ಬೈಕಿನಿಂದ ಇಳಿಯದೆಯೇ ಕೂಗಿದರು. ಸಾಲುಗಳ ನಡುವೆ ಬಗ್ಗಿ ಹಣ್ಣು ಮುರಿಯುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿ ನೋಡಿದರು. ಗಂಗೆ ಮಾತ್ರ ಎತ್ತಲಿಲ್ಲ. ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟಿದ್ದರೂ ಮುಳ್ಳೆಲೆ ಅವಳ ಮುಂಗೈ ಗೀರಿತ್ತು. ಅದನ್ನೇ ನೋಡುತ್ತ ನಿಂತಳು.

“ಸಾಲಿಗೆ ಬಣ್ಣ ಹೊಡಿಸಿಕೊಟ್ಟಾಂವ ನಾನು. ಗ್ವಾಡಿ ಮ್ಯಾಲೆ ಪಟ್ಟಿ ಹಚ್ಯಾರ, ಕಣ್ಣಾರೆ ನೋಡಿ ಬಂದೀನಿ. ನಾಳಿಂದ ಆಕಿನ್ನ ಇಲ್ಲಿ ಕಳಸು. ಮಂಗ ಕಾಯ್ಲಿ. ಒಂದು ಡಬ್ಬಿ ಕೊಡ್ತೀನಿ, ಬಡ್ಕೋಂತ ತಿರಗ್ಲಿ.”

“ಕೂಸು ಇನ್ನಾ ಸಾಲ್ಯಾಗ ಎರಡ್ನೇತ್ತ ಐತ್ರಿ,” ಎಂದಳು ಗಂಗೆ.

“ಮಂಗ ಕಾಯಾಕ ಎರಡ್ನೇತ್ತ ಭಾಳಾತು. ಡಿಗ್ರಿ ಬೇಕನು?”

ಯಾರೂ ನಗಲಿಲ್ಲವೆಂದು ಸಾವ್ಕಾರರು ತಾವೇ ನಕ್ಕರು. ನಕ್ಕ ಭರಕ್ಕೆ ಬೈಕು ವಾಲಿ, ಅವರ ಒಂದು ಕಾಲು ಬದುವಿನ ಕೆಳಗಿನ ಕೆಸರಿಗೆ ಮೊಣಕಾಲವರೆಗೆ ಇಳಿಯಿತು. ಕಾಲು ಮೇಲೆ ಬಂತು, ಚಪ್ಪಲಿ ಅಲ್ಲೇ ಉಳಿಯಿತು. ಒಂಟಿ ಚಪ್ಪಲಿಯಲ್ಲೇ ಗಾಡಿ ಬಿಟ್ಟುಕೊಂಡು ಹೋದರು.

“ಇಂವನ ಮುಕಳ್ಯಾಗ ಮುಳ್ಳ ಚುಚ್ಚ,” ಎಂದು ಮುದುಕಿ ಗುತ್ತೆವ್ವ ಅವರಿಗೆ ಕೇಳಿಸದಷ್ಟು ದೂರ ಹೋದಮೇಲೆ ಕೂಗಿದಳು.

ಸಂಜೆ ಮನೆಯಲ್ಲಿ ಗಂಗೆ, ಶಾಲೆಯ ಟೆಸ್ಟಿನಲ್ಲಿ ಮಗಳಿಗೆ ಸೊನ್ನೆ ಬಂತೆಂದು ಹೇಳಿದಾಗ ಗಂಡ ಬೈರನಿಗೆ ಖುಷಿಯೇ ಆಯಿತು. ಆ ಕೇರಿಗೆ ಗೊತ್ತಿದ್ದ ಟೆಸ್ಟ್ ಒಂದೇ, ಮಂಗನ ಕಾಯಿಲೆಗೆ ಆಸ್ಪತ್ರೆಯವರು ಬಂದು ರಕ್ತ ತೆಗೆಯುವುದು.

“ಟೆಸ್ಟಿನಾಗ ಏನೂ ಬಂದಿಲ್ಲಂದ್ರ ಚಲೋ ಆತಲ್ಲ! ನಮ್ಮ ದಿವ್ಯಾಂದು ಗಟ್ಟಿ ಜೀವ.”

“ಅಯ್ಯ ನಿನ್ನ ತಲಿ! ಅದು ರಗತದ್ದಲ್ಲ, ಓದೂದು. ಅದ್ರಾಗ ಬರಬೇಕು.”

“ಬರಬೇಕಾ?” ಬೈರ ಬೀಡಿ ಆರಿಸಿ ಯೋಚನೆಗೆ ಬಿದ್ದ. “ಹಂಗಾದ್ರ ಇದಕ್ಕ ಔಷಧಿ ಏನು?”

ಔಷಧಿ ಗುತ್ತೆವ್ವ ತಂದಳು. ಗದ್ದೆಯ ಅಂಚಿನಿಂದ ಒಂದು ಮಡಿಲು ಒಂದೆಲಗ ಕಿತ್ತು ತಂದು, ಅರೆದು, ಮಜ್ಜಿಗೆಗೆ ಕಲಸಿ ದಿವ್ಯಾಳ ಬಾಯಿಗೆ ಹಿಡಿದಳು. ಅದು ನೆನಪಿನ ಶಕ್ತಿಗೆ ಒಳ್ಳೆಯದೆಂದು ಎಲ್ಲರಿಗೂ ಗೊತ್ತು. ಪಕ್ಕದ ಮನೆಯ ತನುಜಾ ಕೂಡ ಒಂದು ಲೋಟ ತಂದಳು. ಎದುರು ಮನೆಯಿಂದ ಮತ್ತೊಂದು ಬಂತು. ದಿವ್ಯಾಳ ನಾಲಿಗೆ ಹಸಿರಾಗಿ, ಹೊಟ್ಟೆಯಲ್ಲಿ ಗುಡುಗುಡು ಸದ್ದು ಶುರುವಾಯಿತು.

“ನಂಗ ಓದಾಕ ಬರ್ತೈತಬೇ!” ಎಂದು ಕೊನೆಗೆ ಅಳುತ್ತ ಕೂಗಿದಳು. “ಟೆಸ್ಟ್ ಮಾಡಾಕ ಬಂದ ಸರು ಒಂದು ಕಾರ್ಡಿನಾಗ ‘ಡಿಗುಬೆ’ ಅಂತ ತೋರ್ಸಿದ್ರು. ಡಿಗುಬೆ ಅಂದ್ರೇನ್ರಿ ಅಂದೆ. ಅವ್ರು ಗಡಿಯಾರ ನೋಡಿದ್ರು. ಮತ್ತ ಕೇಳ್ದೆ. ಗಡಿಯಾರ ಟಣ್ ಅಂತು. ಮುಗೀತು ಹೋಗು ಅಂದ್ರು.”

ಡಿಗುಬೆ ಎಂದರೆ ಏನು?

“ಹೆಗಡೇರ ಮನ್ಯಾಗಿನ ಕಜ್ಜಾಯ ಇರಬೇಕು,” ಎಂದಳು ಗುತ್ತೆವ್ವ. “ನಮಗೆಲ್ಲಿ ತಿನ್ನಾಕ ಕೊಡ್ತಾರ?”

“ಯಲ್ಲಾಪುರದ ಕಡೆ ಮರ ಎಳಿಯೂ ಗಾಡಿಗೆ ಡಿಗುಬೆ ಅಂತಾರು. ನಾ ನೋಡೀನಿ,” ಎಂದ ಬೈರ. ಅವನು ಯಲ್ಲಾಪುರಕ್ಕೆ ಹೋದವನೇ ಅಲ್ಲ.

“ಮೊಬೈಲಿನಾಗ ಬರ್ತೈತೋ ಏನೋ,” ಎಂದಳು ತನುಜಾ.

ಬೈರನಿಗೂ ಗುತ್ತೆವ್ವನಿಗೂ ಕಜ್ಜಾಯವೋ ಗಾಡಿಯೋ ಎಂದು ಜಗಳ ಹತ್ತಿತು. ಅದರ ನಡುವೆ ದಿವ್ಯಾ ಹಿತ್ತಲಿಗೆ ಓಡಿದಳು. ಒಂದೆಲಗ ಕೆಲಸ ಮಾಡಿತ್ತು, ತಲೆಗಲ್ಲ.

ಮರುದಿನ ಗಂಗೆ ಮಗಳನ್ನು ಮಂಗ ಕಾಯಲು ಕಳಿಸಲಿಲ್ಲ. ಹೊಲಕ್ಕೆ ಹೋಗುವ ಮೊದಲು ತಾನೇ ಕೈಹಿಡಿದು ಶಾಲೆಗೆ ಕರೆದುಕೊಂಡು ಹೋದಳು. ಹೊಸ ಬಣ್ಣದ ಗೋಡೆಯ ಮೇಲೆ ಮಕ್ಕಳ ಹೆಸರುಗಳ ಹಾಳೆ ಅಂಟಿಸಿತ್ತು. ದಿವ್ಯಾ ಒಳಗೆ ಹೋಗಿ, ಸೊನ್ನೆ ಬಂದವರಿಗೆಂದು ಹಿಂದಿನ ಗೋಡೆಯ ಹತ್ತಿರ ಹಾಸಿದ್ದ ನೀಲಿ ಚಾಪೆಯ ಮೇಲೆ ಒಬ್ಬಳೇ ಕುಳಿತಳು. ಉಳಿದ ಮಕ್ಕಳು ಬೆಂಚಿನ ಮೇಲಿದ್ದರು.

ಸೀತಾ ಟೀಚರ್ ಶಿರಸಿಯಿಂದ ಬಸ್ಸಿನಲ್ಲಿ ಬಂದು ಹೋಗುವವರು. ಹೆಗಲಿನ ಚೀಲವನ್ನೂ ಇಳಿಸದೆ ಗಂಗೆಯ ಮಾತು ಕೇಳಿದರು.

“ಎಂತ ಮಾಡೂದು ಗಂಗೆ, ಅದಕ್ಕೆ ಅರ್ಥ ಇಲ್ಲ.”

“ಯಾವುದಕ್ರಿ?”

“ಡಿಗುಬೆಗೆ. ಹಾಂಗೆ ಒಂದು ಶಬ್ದವೇ ಇಲ್ಲ. ಗೊತ್ತಿದ್ದ ಶಬ್ದ ಕೊಟ್ರೆ ಮಕ್ಕಳು ಬಾಯಿಪಾಠದ ಮೇಲೆ ಹೇಳಿಬಿಡ್ತ್ರು. ಅಕ್ಷರ ಕೂಡಿಸಿ ಓದ್ತ್ರಾ ಇಲ್ಲವಾ ನೋಡ್ಲಿಕ್ಕೆ ಹೀಂಗೆ ಸುಳ್ಳು ಶಬ್ದ ಕೊಡ್ತಾರೆ. ಡಿಗುಬೆ, ಲಪೊಡು, ಟುಮಗಿ.”

ಗಂಗೆ ಚಾಪೆಯ ಮೇಲಿನ ಮಗಳ ಕಡೆ ಕೈ ತೋರಿಸಿದಳು. “ಸುಳ್ಳು ಮಾತು ಕೇಳಿ, ಹಂಗಂದ್ರೇನ್ರಿ ಅಂದಿದ್ದು ನನ್ನ ಮಗಳ ತಪ್ಪೇನ್ರಿ?”

“ತಪ್ಪಲ್ಲ. ಸಮಯ ಮುಗೀತು, ಅಷ್ಟೇ.” ಟೀಚರ್ ದನಿ ತಗ್ಗಿಸಿದರು. “ಗುರುವಾರ ಟೆಸ್ಟ್ ತಗೊಂಡ ಆ ಶಶಾಂಕ ಸರ್ ಮತ್ತೆ ಬರ್ತಾರೆ. ಪಾಲಕರೂ ಬಂದು ನೋಡಬಹುದು. ಇನ್ನೊಮ್ಮೆ ಓದಿಸಲಿಕ್ಕೆ ಹೇಳ್ತೆ. ಬಾ.”

ಹೊಲದ ದಾರಿಯುದ್ದಕ್ಕೂ ಗಂಗೆ ಆ ಸುಳ್ಳು ಶಬ್ದಗಳನ್ನು ಜೊತೆಯ ಹೆಂಗಸರಿಗೆಲ್ಲ ಹೇಳಿದಳು. ಹೊಲದಲ್ಲಿ ಸಾವ್ಕಾರರು ಡಬ್ಬಿ ಹಿಡಿದೇ ಕಾಯುತ್ತಿದ್ದರು. ಮಗಳು ಬಂದಿಲ್ಲವೆಂದು ಕಂಡದ್ದೇ, ಆ ತಗಡಿನ ಡಬ್ಬಿಯನ್ನು ಹಗ್ಗದ ಸಮೇತ ಗಂಗೆಯ ಕೊರಳಿಗೆ ಹಾಕಿದರು.

“ಮಗಳು ಬರೂತನಕ ನೀನ ಕಾಯಿ. ಹಣ್ಣೂ ಮುರಿ, ಮಂಗಾನೂ ಓಡ್ಸು. ಡಬ್ಬಿ ತಗದಿ ಅಂದ್ರ, ಇವತ್ತ ಕಡೀ ದಿನ ನಿಂದು.”

ಗಂಗೆ ಬಗ್ಗಿದಾಗೆಲ್ಲ ಡಬ್ಬಿ ಢಣ್ ಎಂದಿತು. ಎದ್ದಾಗ ಎದೆಗೆ ಬಡಿಯಿತು. ಯಾವತ್ತೂ ಕಾಡಂಚಿನಲ್ಲೇ ನಿಲ್ಲುತ್ತಿದ್ದ ಮಂಗಗಳು, ಇದೇನು ಹೊಸದು ಎಂದು ನೋಡಲು ಮರಿಗಳನ್ನೂ ಕರೆದುಕೊಂಡು ಬದುವಿನವರೆಗೆ ಬಂದು ಸಾಲಾಗಿ ಕುಳಿತವು. ಗಂಗೆಯ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು ಹೋದರೆ ಅದಕ್ಕೂ ಢಣ್ ಎಂದಿತು.

“ಇಂವ ಎಂಥಾ ಡಿಗುಬೆ ಇದ್ದಾನಲೇ!” ಎಂದಳು ಗುತ್ತೆವ್ವ, ಈ ಸಲ ಜೋರಾಗಿಯೇ.

ಸಾವ್ಕಾರರು ಗರಕ್ಕನೆ ತಿರುಗಿದರು. “ಏನಂದೆಲೇ ಮುದುಕಿ?”

“ಡಿಗುಬೆ ಅಂದೆರಿ.”

“ಹಂಗಂದ್ರ?”

“ಅರ್ಥ ಇಲ್ರಿ. ಸಾಲ್ಯಾಗ ಕಲಸ್ತಾರ.”

“ಲಪೊಡು ಅಂತನೂ ಐತ್ರಿ,” ಎಂದಳು ತನುಜಾ ಆಚೆ ಸಾಲಿನಿಂದ.

“ದೊಡ್ಡ ಟುಮಗಿ!” ಎಂದು ಇನ್ಯಾರೋ ಕೂಗಿದರು.

ಸಾವ್ಕಾರರ ಮುಖ ಕೆಂಪಾಯಿತು. ಬೈದಿದ್ದಾರೆ ಎಂದು ಗೊತ್ತಾಗುತ್ತಿತ್ತು, ಏನೆಂದು ಬೈದಿದ್ದಾರೆ ಎಂದು ಗೊತ್ತಾಗುತ್ತಿರಲಿಲ್ಲ.

“ಗುರುವಾರ ಹಣ್ಣು ಒಯ್ಯಾಕ ಹುಬ್ಬಳ್ಳಿ ಟೆಂಪೋ ಬರ್ತೈತಿ,” ಎಂದರು ಕೊನೆಗೆ. “ಅವತ್ತ ಸಾಲ್ಯಾಗ ಮತ್ತ ಟೆಸ್ಟ್ ಐತಂತ. ಯಾವ ಸೂಳಿ ಸಾಲೀ ಕಡೆ ಹೋಗ್ತಾಳೋ, ಆಕಿ ಮತ್ತ ನನ್ನ ಹೊಲದಾಗ ಕಾಲಿಡಂಗಿಲ್ಲ.”

ಅವರು ಮರೆಯಾದಮೇಲೆ ತನುಜಾ ಬಂದು ಗಂಗೆಯ ಕೊರಳಿನ ಹಗ್ಗ ಬಿಚ್ಚಿದಳು. ಡಬ್ಬಿ ಎಸೆದದ್ದು ಗುತ್ತೆವ್ವ. ಮಂಗಗಳು ಅದನ್ನು ಎತ್ತಿಕೊಂಡು ಹೋದವು.

ಗುರುವಾರ ಗಂಗೆ ಒಬ್ಬಳೇ ಹೊರಟಿದ್ದಳು. ಕೆರೆ ಏರಿಯ ಮೇಲೆ ತಿರುಗಿ ನೋಡಿದರೆ ಹಿಂದೆ ತನುಜಾ, ಅವಳ ಹಿಂದೆ ಗುತ್ತೆವ್ವ, ಅವರ ಹಿಂದೆ ಹೊಲಕ್ಕೆ ಹೋಗಬೇಕಿದ್ದ ಅಷ್ಟೂ ಹೆಂಗಸರು, ಉದ್ದ ತೋಳಿನ ಅಂಗಿಗಳಲ್ಲೇ.

“ನೀವ್ಯಾಕ ಬಂದ್ರೇ? ಕೂಲಿ ಹೋಗ್ತೈತಿ.”

“ನಂಗೂ ಡಿಗುಬೆ ನೋಡಬೇಕಾಗೈತಿ,” ಎಂದಳು ಗುತ್ತೆವ್ವ. “ನಡಿ ಸುಮ್ನ.”

ಶಶಾಂಕ ಸರ್ ಇನ್ನೂ ಮೀಸೆ ಬಲಿಯದ ಹುಡುಗ. ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಗುರುತಿನ ಚೀಟಿ. ತರಗತಿಯೊಳಗೆ ಇಷ್ಟೊಂದು ಹೆಂಗಸರು ನುಗ್ಗಿದ್ದನ್ನು ನೋಡಿ ಎದ್ದು ನಿಂತ. ಆದರೂ ಟೀಚರ್ ಹೇಳಿದಂತೆ ದಿವ್ಯಾಳ ಕೈಗೆ ಕಾರ್ಡು ಕೊಟ್ಟ. ಅವಳು ಬೆರಳಿಟ್ಟು ಓದುತ್ತ ಹೋದಳು. ಡಿಗುಬೆ ಬಂದಾಗ ತಡೆದಳು. ಹೆಂಗಸರೆಲ್ಲ ಕತ್ತು ಮುಂದೆ ಚಾಚಿದರು. “ಡಿ, ಗು, ಬೆ. ಡಿಗುಬೆ,” ಎಂದಳು ದಿವ್ಯಾ. ಮುಂದಿನವನ್ನೂ ಓದಿ ಮುಗಿಸಿದಳು.

“ಗುಡ್! ಓದಲಿಕ್ಕೆ ಬರ್ತದಲ್ಲ ಇವಳಿಗೆ,” ಎಂದು ಶಶಾಂಕ ಟ್ಯಾಬ್ ಒತ್ತಿದ. ಮತ್ತೆ ಒತ್ತಿದ. “ಛೆ. ತಗೊಳ್ತಾ ಇಲ್ಲ. ಮೊದಲಿನದು ಮೇಲೆ ಹೋಗಿಬಿಟ್ಟಿದೆ. ಈ ವರ್ಷಕ್ಕೆ ಅದೇ ಉಳೀತದೆ.”

“ಮ್ಯಾಲೆ ಅಂದ್ರ ಎಲ್ರಿ?” ಎಂದಳು ಗಂಗೆ.

ಅವನು ಬೆರಳು ಮೇಲೆ ತೋರಿಸಿದ. ಹೆಂಗಸರೆಲ್ಲ ಕತ್ತೆತ್ತಿ ಹೆಂಚು ನೋಡಿದರು. ಅಲ್ಲಿ ಒಂದು ಹಲ್ಲಿ ಇತ್ತು.

“ಹಂಗಾದ್ರ ಆಕಿ ಇನ್ನೂ ಆ ಚಾಪಿ ಮ್ಯಾಲ?”

ಶಶಾಂಕ ಕಾರ್ಡನ್ನು ದಿವ್ಯಾಳ ಕೈಯಿಂದ ತೆಗೆದು ಮೇಜಿನ ಮೇಲಿಟ್ಟ.

ಗಂಗೆ ಸೀದಾ ಹಿಂದಕ್ಕೆ ಹೋಗಿ ನೀಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. “ನಂಗೂ ಟೆಸ್ಟ್ ಮಾಡ್ರಿ. ನಂದೂ ಸೊನ್ನೇನ ಬರ್ತೈತಿ. ಅದನ್ನೂ ಮ್ಯಾಲೆ ಕಳಸ್ರಿ. ಕೂಸು ಒಂದ ಯಾಕ ಕುಂದ್ರಬೇಕು?”

“ಇದು ಮಕ್ಕಳಿಗೆ ಮಾತ್ರ ಅಮ್ಮಾ.”

“ನಾವೇನು ಕಲ್ಲಿಗೆ ಹುಟ್ಟೀವೇನಪಾ?” ಎಂದು ಗುತ್ತೆವ್ವ ಅವಳ ಪಕ್ಕಕ್ಕೆ ಕುಳಿತಳು. ತನುಜಾ ಕುಳಿತಳು. ಚಾಪೆ ಸಾಲದೆ ಉಳಿದವರು ನೆಲದ ಮೇಲೆ ಕುಳಿತರು. ಬೆಂಚಿನ ಮಕ್ಕಳಿಗೆ ಇದು ಹೊಸ ಆಟದಂತೆ ಕಂಡು, ಅವರೂ ಒಬ್ಬೊಬ್ಬರಾಗಿ ಇಳಿದು ಬಂದು ನಡುನಡುವೆ ತೂರಿಕೊಂಡರು. ಬೆಂಚುಗಳು ಖಾಲಿಯಾದವು. ಸೀತಾ ಟೀಚರ್ ಮೇಜಿನ ಮೇಲಿದ್ದ ಕಾರ್ಡು ತಂದು ಗಂಗೆಯ ಕೈಗೆ ಕೊಟ್ಟರು.

ಅಷ್ಟರಲ್ಲಿ ರಸ್ತೆಯಲ್ಲಿ ಟೆಂಪೋ ಹಾರ್ನ್ ಹೊಡೆಯತೊಡಗಿತು. ಸತೀಶ ಸಾವ್ಕಾರರು ಬಾಗಿಲಿಗೆ ಬಂದು ಎರಡೂ ಕಡೆ ಕೈಯೂರಿ ನಿಂತರು. ಬೆವರು ಇಳಿಯುತ್ತಿತ್ತು.

“ಏಳ್ರೇ ಹಲ್ಕಟ್ ರಂಡ್ಯಾರಾ! ಹಣ್ಣು ಹೊಲದಾಗ ಕೊಳಿಯಾಕತ್ತಾವು, ಇಲ್ಲಿ ಅಆಇಈ ಅನ್ಕೋಂತ ಕುಂತೀರಿ? ಲೇ ಗಂಗೀ, ಏಳ್ತೀಯೋ ಇಲ್ಲೋ?”

ಗಂಗೆ ಕಾರ್ಡನ್ನು ಬೆಳಕಿಗೆ ಹಿಡಿದಳು. ತಲೆಕೆಳಗಾಗಿದೆ ಎಂದು ದಿವ್ಯಾ ತಿರುಗಿಸಿ ಕೊಟ್ಟಳು. ಗಂಗೆ ಗೀರುಗಳ ಬೆರಳನ್ನು ಮೊದಲನೆಯ ಅಕ್ಷರದ ಮೇಲೆ ಇಟ್ಟಳು.

“ಗಡಬಡಿ ಮಾಡಬ್ಯಾಡ್ರಿ ಸಾವ್ಕಾರ್ರ,” ಎಂದಳು, ಕಣ್ಣೆತ್ತದೆ. “ನಾ ಓದಾಕತ್ತೀನಿ.”