ತೂಗಾಡುವುದನ್ನು ಸಹಿಸದ ದೊಡ್ಡಮ್ಮ

ಮನುಷ್ಯರ ಮೈಮೇಲೆ ತೂಗಾಡುವ ಯಾವ ವಸ್ತುವನ್ನೂ ನನ್ನ ದೊಡ್ಡಮ್ಮ ಸಹಿಸುತ್ತಿರಲಿಲ್ಲ. ಶಾಲಿನ ಅಂಚು, ಸಡಿಲ ತೋಳು, ಕೋಟಿನ ಟೋಪಿಯಿಂದ ಇಳಿಬಿದ್ದ ದಾರ, ಇವುಗಳಲ್ಲಿ ಯಾವುದು ಕಣ್ಣಿಗೆ ಬಿದ್ದರೂ ಎದುರಿಗಿದ್ದವರ ಕ್ಷೇಮಸಮಾಚಾರ ವಿಚಾರಿಸುವ ಮೊದಲೇ ಅವರ ಬಲಗೈ ಏಪ್ರನ್ನಿನ ಜೇಬಿಗೆ ಇಳಿಯುತ್ತಿತ್ತು. ಅಲ್ಲಿ ಸದಾ ಒಂದು ಮೋಟು ಕತ್ತರಿ ಇರುತ್ತಿತ್ತು. ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ನಾದುವ ವಿಭಾಗದ ಮೇಲ್ವಿಚಾರಕಿಯಾಗಿದ್ದ ಅವರಿಗೆ ಕೆಲಸದವರು ‘ಕತ್ತರಿ ಮೇಡಂ’ ಎಂದು ಹೆಸರಿಟ್ಟಿದ್ದರು. ಅದೇ ಕಾರ್ಖಾನೆಯ ಕಚೇರಿಗೆ ಗುಮಾಸ್ತನಾಗಿ ಸೇರಿದ ದಿನ ನಾನು ಹೊಸ ಟೈ ಕಟ್ಟಿಕೊಂಡು, ತುಸು ಬೀಗುತ್ತ, ಅವರಿಗೆ ತೋರಿಸಿಕೊಳ್ಳಲು ಹೋದೆ. “ಏನೋ ಇದು, ನಿನ್ನನ್ನ ಯಾವ ಗೂಟಕ್ಕೆ ಕಟ್ಟಿದ್ರು?” ಎಂದವರು, ನಾನು ಬಾಯಿ ತೆರೆಯುವಷ್ಟರಲ್ಲಿ ಟೈಯನ್ನು ಗಂಟಿನ ಬುಡಕ್ಕೇ ಕತ್ತರಿಸಿ ನನ್ನ ಕೈಗಿಟ್ಟರು.

ಅವರ ನಡಿಗೆಯೂ ವಿಚಿತ್ರ. ಯಂತ್ರಗಳ ನಡುವಿನ ಇಕ್ಕಟ್ಟಿನಲ್ಲಿ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಅಡ್ಡಡ್ಡ ಸರಿದು ಅಭ್ಯಾಸವಾಗಿ, ಅಗಲವಾದ ಬೀದಿಯಲ್ಲೂ, ಮದುವೆ ಮನೆಯಲ್ಲೂ ಏಡಿಯ ಹಾಗೆ ಓರೆಯಾಗಿಯೇ ನಡೆಯುತ್ತಿದ್ದರು. ಮಾತು ಕಡಿಮೆ. ಯಾರು ಎಂಥ ಸಮಜಾಯಿಷಿ ಕೊಟ್ಟರೂ ಪೂರ್ತಿ ಕೇಳಿಸಿಕೊಂಡು “ಆಮೇಲೆ?” ಎನ್ನುತ್ತಿದ್ದರು. ಹೇಳುವವನು ಇನ್ನಷ್ಟು ಹೇಳುತ್ತಿದ್ದ, ಮತ್ತೆ “ಆಮೇಲೆ?” ಕೊನೆಗೆ ಅವನು ತನ್ನ ಮಾತಿನಲ್ಲಿ ತಾನೇ ಸಿಕ್ಕಿಕೊಂಡು ತಲೆ ಕೆರೆದುಕೊಳ್ಳುತ್ತ ಹೊರಟುಹೋಗುತ್ತಿದ್ದ.

ಕತ್ತರಿ ಹುಟ್ಟಿಕೊಂಡದ್ದಕ್ಕೆ ಕಾರಣವಿತ್ತು. ಹಿಟ್ಟು ನಾದುವ ಯಂತ್ರದ ಮುಚ್ಚಳ ಎತ್ತಿದ ಕ್ಷಣ ಒಳಗೆ ಹಿಟ್ಟು ತಿರುವುವ ಕಬ್ಬಿಣದ ತೋಳು ನಿಲ್ಲಬೇಕು. ಯಂತ್ರ ಮಾಡಿದವರು ಆ ಏರ್ಪಾಟು ಮಾಡಿಯೇ ಕಳಿಸಿರುತ್ತಾರೆ. ಆದರೆ ಹಾಗೆ ಪದೇ ಪದೇ ನಿಂತರೆ ಬ್ರೆಡ್ಡು ತಡವಾಗುತ್ತದೆಂದು, ಮುಚ್ಚಳದಡಿಯ ಸ್ವಿಚ್ಚಿಗೆ ಒಂದು ಚಮಚದ ಹಿಡಿಕೆ ಸಿಕ್ಕಿಸಿಡುವುದು ನಮ್ಮ ಕಾರ್ಖಾನೆಯ ರೂಢಿ. ಚಮಚವಿದ್ದರೆ ಮುಚ್ಚಳ ತೆರೆದಿದ್ದರೂ ಯಂತ್ರ ತಿರುಗುತ್ತಲೇ ಇರುತ್ತದೆ, ಹೆಂಗಸರು ಅದರ ಬಾಯಿಗೆ ಬಾಗಿ ಅಂಚಿಗಂಟಿದ ಹಿಟ್ಟನ್ನು ಕೆರೆಯುತ್ತಲೇ ಇರುತ್ತಾರೆ. ಹಾಗೆ ಬಾಗಿದ್ದಾಗಲೇ ದೊಡ್ಡಮ್ಮನ ಜೊತೆಗಾತಿಯೊಬ್ಬಳ ಶಾಲಿನ ತುದಿಯನ್ನು ಆ ತೋಳು ಸುತ್ತಿಕೊಂಡಿತು. ಜೀವ ಉಳಿಯಿತು, ಗಂಟಲು ಉಳಿಯಲಿಲ್ಲ. ಅಂದಿನಿಂದ ಆಕೆಗೆ ಪಿಸುಮಾತಷ್ಟೇ. ‘ಸ್ವಂತ ಅಜಾಗರೂಕತೆ’ ಎಂದು ತೀರ್ಮಾನಿಸಿದ ಕಾರ್ಖಾನೆ ಆಕೆಯನ್ನು ಪ್ಯಾಕಿಂಗಿಗೆ ಹಾಕಿ, ಮಹೋಪಕಾರ ಮಾಡಿದಂತೆ ಮುಖ ಮಾಡಿಕೊಂಡಿತು. ದೊಡ್ಡಮ್ಮ ಬೆಳಿಗ್ಗೆ ಚಮಚ ಕಿತ್ತೆಸೆದರೆ ಮಧ್ಯಾಹ್ನಕ್ಕೆ ಇನ್ನೊಂದು ಬಂದು ಕೂತಿರುತ್ತಿತ್ತು. ಯಾರು ಇಟ್ಟರೆಂದು ಕೇಳಿದರೆ ಯಾರೂ ಇಟ್ಟಿಲ್ಲ. ಚಮಚವನ್ನು ಗೆಲ್ಲಲಾರದೆ ಅವರು ಕತ್ತರಿ ಹಿಡಿದರು.

ಹೀಗಿರುವಾಗ ಗೋದಾಮಿನಿಂದ ಬ್ರೆಡ್ಡಿನ ಪೆಟ್ಟಿಗೆಗಳು ಕಾಣೆಯಾದವು. ಒಬ್ಬ ಹೆಣ್ಣುಮಗಳ ಗಂಟಲು ಹೋದಾಗ ಮಗ್ಗುಲು ಬದಲಿಸದ ಯಜಮಾನರು ಬ್ರೆಡ್ಡು ಹೋದಾಗ ಧಡಕ್ಕನೆ ಎದ್ದು ಕೂತರು. ಗಿರಿಜಾ ಮೀಸೆಯ ಭದ್ರತಾ ಅಧಿಕಾರಿಯೊಬ್ಬ ಬಂದ. ಪ್ರತಿಯೊಬ್ಬರಿಗೂ ಭಾವಚಿತ್ರವಿರುವ ಗುರುತಿನ ಚೀಟಿ ಬಂತು. ಅದನ್ನು ಗಟ್ಟಿ ನೈಲಾನ್ ಪಟ್ಟಿಯಲ್ಲಿ ಕೊರಳಿಗೆ ಹಾಕಿಕೊಂಡು, ಏಪ್ರನ್ನಿನ ಮೇಲೆ, ಸದಾ ಕಾಣುವಂತೆ ಇಟ್ಟುಕೊಳ್ಳಬೇಕೆಂಬ ಆಜ್ಞೆಯೂ ಬಂತು. “ಇದೆಲ್ಲಾ ನಿಮ್ಮ ಭದ್ರತೆಗೇ” ಎಂದು ಯಜಮಾನರು ಭಾಷಣ ಮಾಡಿದರು. ಕೊರಳಿಗೆ ಪಟ್ಟಿ ಹಾಕಿಕೊಂಡು ಯಂತ್ರದ ಬಾಯಿಗೆ ಬಾಗಬೇಕಾದವರ ಭದ್ರತೆಗೆ! ಆ ಮಾತು ಕೇಳಿದಾಗ ಹತ್ತಿದ ಉರಿ ನನಗೆ ಇಂದಿಗೂ ಆರಿಲ್ಲ.

“ಪಿನ್ ಕೊಡಿ, ಎದೆಗೆ ಚುಚ್ಕೋತೀವಿ. ಇಲ್ಲಾಂದ್ರೆ ಜೇಬಲ್ಲಿ ಇಟ್ಕೋತೀವಿ,” ಎಂದರು ದೊಡ್ಡಮ್ಮ.

“ಆಗಲ್ಲ ಮೇಡಂ. ಪಿನ್ನು ಹಿಟ್ಟಿಗೆ ಬಿದ್ರೆ ಬ್ರೆಡ್ ತಿನ್ನೋರಿಗೆ ಅಪಾಯ. ಜೇಬಲ್ಲಿಟ್ರೆ ಕಾಣಲ್ಲ. ಕೊರಳಲ್ಲೇ ಇರ್ಬೇಕು, ರೂಲ್ಸು,” ಎಂದ ಮೀಸೆ.

“ಆಮೇಲೆ?”

ಅವನು ಮೀಸೆ ತೀಡುತ್ತ ಕಚೇರಿಯ ಕಡೆ ನಡೆದ. ಮರುದಿನ ಬೆಳಿಗ್ಗೆ ದೊಡ್ಡಮ್ಮ ತಮ್ಮ ವಿಭಾಗದ ಬಾಗಿಲಲ್ಲಿ ನಿಂತು, ಒಳಬಂದ ಒಬ್ಬೊಬ್ಬಳ ಕೊರಳಿಗೂ ಕೈಹಾಕಿ ಪಟ್ಟಿಯನ್ನು ಕಚಕ್ಕನೆ ಕತ್ತರಿಸಿ, ಚೀಟಿಯನ್ನು ಅವರವರ ಜೇಬಿಗೇ ತುರುಕಿದರು. ಹುಡುಗಿಯರು ಕಿಸಿಕಿಸಿ ನಕ್ಕರು. ಕೆಲವರು ಮೀಸೆಗೆ ಹೆದರಿ ಗೊಣಗಿದರು. ಸಂಜೆಯೊಳಗೆ ಯಜಮಾನರು ದೊಡ್ಡಮ್ಮನನ್ನು ಕಚೇರಿಗೆ ಕರೆಸಿ, ಕಂಪನಿಯ ಆಸ್ತಿ ನಾಶಮಾಡಿದ್ದಕ್ಕೆ ಎಚ್ಚರಿಕೆ ಕೊಟ್ಟು, ಇನ್ನೊಮ್ಮೆ ಹೀಗಾದರೆ ಮನೆಗೆ ಹೋಗಬೇಕಾದೀತೆಂದರು. ಗಂಡನಿಲ್ಲದ, ಆ ಸಂಬಳವೊಂದನ್ನೇ ನೆಚ್ಚಿದ ಹೆಂಗಸು ಇನ್ನು ತೆಪ್ಪಗಾಗುತ್ತಾಳೆಂದು ಎಲ್ಲರೂ ಲೆಕ್ಕ ಹಾಕಿದರು.

ಮುಂದಿನ ವಾರ ಹೊಸ ಪಟ್ಟಿಗಳು ಬಂದವು. ಅವುಗಳ ಒಳಗೆ ಉಕ್ಕಿನ ಎಳೆ ಹೆಣೆದಿತ್ತು. ಕತ್ತರಿ ನಾಟದಿರಲಿ ಎಂದು, ಹುಡುಕಿ, ವಿಚಾರಿಸಿ, ತರಿಸಿದ್ದರು! ಸ್ವಿಚ್ಚಿನ ಚಮಚ ತೆಗೆಯಲು ಪುರುಸೊತ್ತಿಲ್ಲದ ಬುದ್ಧಿವಂತರು, ಹರಿಯಬೇಕಾದ ಹೊತ್ತಿನಲ್ಲೂ ಹರಿಯದಂಥ ಕುಣಿಕೆಯನ್ನು ಹೆಂಗಸರ ಕೊರಳಿಗೆ ತೊಡಿಸಿ, ಅದಕ್ಕೆ ಸುಧಾರಣೆಯೆಂದು ಕರೆದರು.

ದೊಡ್ಡಮ್ಮ ಒಂದು ಪಟ್ಟಿಯನ್ನು ಕತ್ತರಿಗೆ ಕೊಟ್ಟು ನೋಡಿದರು. ಅಲಗು ಮುಕ್ಕಾಯಿತು. ಗೋಡೆಯ ಕಡೆ ಹೋಗಿ ದೊಡ್ಡ ಸ್ವಿಚ್ಚನ್ನು ಕೆಳಗೆಳೆದರು. ಯಂತ್ರಗಳೆಲ್ಲ ನಿಂತವು. ಸ್ವಿಚ್ಚಿಗೆ ಬೆನ್ನು ಕೊಟ್ಟು ಹಿಟ್ಟಿನ ಮೂಟೆಯೊಂದರ ಮೇಲೆ ಕೂತುಬಿಟ್ಟರು.

ಯಜಮಾನರು ಏದುಸಿರು ಬಿಡುತ್ತ ಬಂದರು. ತೊಟ್ಟಿಗಳಲ್ಲಿ ಹಿಟ್ಟು ಹುದುಗಿ ಉಬ್ಬಿ ಅಂಚು ಮೀರುತ್ತಿತ್ತು. “ಏನಮ್ಮಾ ಇದು? ಹಿಟ್ಟೆಲ್ಲಾ ಹಾಳಾಗ್ತಿದೆ!”

“ಪಟ್ಟಿ ತೆಗೆಸಿ, ಚಮಚ ತೆಗೆಸಿ. ಏಳ್ತೀನಿ.”

“ಆವತ್ತು ಯಾವಳೋ ಶಾಲು ಹೊದ್ಕೊಂಡ್ ಬಂದ್ಳು, ಅನುಭವಿಸಿದ್ಳು. ಅದಕ್ಕೆ ಇಷ್ಟು ರಂಪಾಟನಾ?”

ಅಷ್ಟರಲ್ಲಿ ಪ್ಯಾಕಿಂಗ್ ಕೋಣೆಯಿಂದ ಆ ಜೊತೆಗಾತಿ ಬಂದು ನಿಂತಿದ್ದಳು. ಯಂತ್ರಗಳ ಸದ್ದಿನಲ್ಲಿ ಆಕೆಯ ಮಾತು ಪಕ್ಕದವರಿಗೂ ಕೇಳುತ್ತಿರಲಿಲ್ಲ. ಆ ದಿನ ಸದ್ದಿರಲಿಲ್ಲ. “ಸರ್, ಮಗು ರಸ್ತೆಗೆ ಓಡಿದ್ರೆ ನಂಗೆ ಕೂಗೋಕಾಗಲ್ಲ,” ಎಂದಳು. “ಹಿಂದೆ ಓಡ್ಬೇಕು. ಎಲ್ಲಾ ಸಲ ಸಿಗಲ್ಲ ಸರ್.”

ಯಜಮಾನರು ಆಕೆಯ ಮುಖ ನೋಡಲಿಲ್ಲ, ಉಕ್ಕುವ ಹಿಟ್ಟನ್ನು ನೋಡಿದರು. ನಾದುವ ವಿಭಾಗದವರು ಚೀಟಿಗಳನ್ನು ಬಾಗಿಲ ಪಕ್ಕ ಮೊಳೆ ಹೊಡೆದ ಹಲಗೆಗೆ ನೇತುಹಾಕಿ ಒಳಹೋಗಬಹುದೆಂದು ಅಲ್ಲೇ ಅಪ್ಪಣೆಯಾಯಿತು, ಎದುರಿಗೇ ಚಮಚಗಳನ್ನು ಕೀಳಿಸಿದ್ದೂ ಆಯಿತು. ದೊಡ್ಡಮ್ಮ ಎದ್ದರು, ಸ್ವಿಚ್ಚು ಮೇಲೆತ್ತಿದರು. ಯಂತ್ರ ನಿಲ್ಲಿಸಿ ನಷ್ಟವುಂಟುಮಾಡಿದ್ದಕ್ಕಾಗಿ ಅದೇ ಸಂಜೆ ಅವರನ್ನು ಕೆಲಸದಿಂದ ತೆಗೆದರು. ಗೇಟಿನ ತನಕ ಮೀಸೆಯೇ ಕಾವಲಿಗೆ ನಡೆದ. ಆ ಹಲಗೆಯ ಫೋಟೋ ಈಗ ಕಚೇರಿಯ ಗೋಡೆಯಲ್ಲಿದೆ, ಅದರಲ್ಲಿ ಯಜಮಾನರು ಹಲಗೆಯ ಪಕ್ಕ ನಿಂತು ನಗುತ್ತಿದ್ದಾರೆ.

ದೊಡ್ಡಮ್ಮನಂಥವರು ದುಡಿಯುವ ಜಾಗಗಳಲ್ಲೆಲ್ಲ ಒಬ್ಬರಾದರೂ ಇರುತ್ತಾರೆ. ಜೊತೆಯವರಿಗೆ ಕಿರಿಕಿರಿ, ಮೇಲಿನವರಿಗೆ ತಲೆನೋವು, ಮನೆಯವರಿಗೆ ನಗೆಪಾಟಲು. ಕೈ ಕಳೆದುಕೊಂಡವನನ್ನು ಲೋಕ ಕಂಡು ಮರುಗುತ್ತದೆ. ಇವರ ದೆಸೆಯಿಂದ ಕೈ ಉಳಿದವನಿಗೆ ತನ್ನ ಕೈ ಉಳಿಯಿತೆಂಬುದೇ ತಿಳಿಯುವುದಿಲ್ಲ. ಹಾಗಾಗಿ ಇವರನ್ನು ಹೊರಹಾಕುವುದು ಸುಲಭ. ತಡೆಯಲು ಯಾರೂ ಬರುವುದಿಲ್ಲ. ಅಂದು ಕೂಡ ಯಾರೂ ಬರಲಿಲ್ಲ. ಆ ವಿಭಾಗದ ಹೆಂಗಸರು ಇವತ್ತಿಗೂ ಸಂಜೆ ಮನೆ ಸೇರಿ, ಹೊಸ್ತಿಲಲ್ಲಿ ನಿಂತು, ಬೀದಿಯಲ್ಲಾಡುವ ಮಕ್ಕಳನ್ನು ಗಂಟಲು ಹರಿಯುವಂತೆ ಕೂಗಿ ಕರೆಯುತ್ತಾರೆ. ಮಕ್ಕಳು ಓಡಿಬರುತ್ತವೆ. ಆ ಕೂಗನ್ನು ಯಾರು ಉಳಿಸಿಕೊಟ್ಟರೆಂದು ಅವರಲ್ಲಿ ಒಬ್ಬಳಾದರೂ ಯೋಚಿಸಿದ್ದನ್ನು ನಾನು ಕಾಣೆ.